ಮೊಟ್ಟಮೊದಲ ಜನ್ಮಕ್ಕೆ ಕರ್ಮ ಎಲ್ಲಿಂದ ಬಂತು? ಕಾಲ, ಸೃಷ್ಟಿ, ಪುನರ್ಜನ್ಮದ ಮೇಲೊಂದು ಟಿಪ್ಪಣಿ

ಕಾಲ, ಸೃಷ್ಟಿ, ಕರ್ಮ, ಪುನರ್ಜನ್ಮ. ಹಿಂದೂ ದರ್ಶನದ ಪಠ್ಯದಲ್ಲಿ ಇವು ನಾಲ್ಕು ಬೇರೆ ಬೇರೆ ಅಧ್ಯಾಯಗಳಾಗಿ ಬರುತ್ತವೆ. ಹಾಗೆ ಬಿಡಿಬಿಡಿಯಾಗಿ ಓದಿದರೆ ಯುಗದ ಲೆಕ್ಕ ಉರು ಹೊಡೆಯುವುದು, ಸಂಚಿತ-ಪ್ರಾರಬ್ಧ ಅಂತ ಕರ್ಮದ ಬಗೆಗಳ ವ್ಯಾಖ್ಯೆ ಬರೆಯುವುದು, ಅಷ್ಟಕ್ಕೇ ಮುಗಿಯುತ್ತದೆ. ನನ್ನ ಪ್ರಕಾರ ಈ ನಾಲ್ಕನ್ನೂ ಒಂದೇ ಪ್ರಶ್ನೆ ಹಿಡಿದಿಟ್ಟಿದೆ. ಈ ಜನ್ಮದ ಸುಖದುಃಖಕ್ಕೆ ಹಿಂದಿನ ಜನ್ಮದ ಕರ್ಮ ಕಾರಣ ಅಂತೀರಿ, ಸರಿ. ಹಾಗಾದರೆ ಮೊಟ್ಟಮೊದಲ ಜನ್ಮದಲ್ಲಿ ಒಬ್ಬ ಸುಖಿ, ಇನ್ನೊಬ್ಬ ದುಃಖಿ ಆಗಿದ್ದು ಹೇಗೆ? ಇದನ್ನು ತಲೆಯಲ್ಲಿ ಇಟ್ಟುಕೊಂಡೇ ಮುಂದೆ ಓದಿ.

ಮೊದಲು ಕಾಲ. ಇದಕ್ಕೆ ಪುರಾಣ ತೆರೆಯಬೇಕಾಗಿಲ್ಲ. ಮನೆಯಲ್ಲಿ ಗಣೇಶನ ಹಬ್ಬಕ್ಕೋ ಗೃಹಪ್ರವೇಶಕ್ಕೋ ಸಂಕಲ್ಪ ಮಾಡಿಸುವಾಗ ಪುರೋಹಿತರು ಒಂದೇ ಉಸಿರಿಗೆ ಹೇಳುತ್ತಾರಲ್ಲ, "ದ್ವಿತೀಯ ಪರಾರ್ಧೇ ಶ್ವೇತವರಾಹ ಕಲ್ಪೇ ವೈವಸ್ವತ ಮನ್ವಂತರೇ ಅಷ್ಟಾವಿಂಶತಿತಮೇ ಕಲಿಯುಗೇ ಪ್ರಥಮ ಪಾದೇ", ಅದೇ ಪೂರ್ತಿ ಕಾಲದ ವಿಳಾಸ. ಅದರ ಬೆನ್ನಿಗೇ ಜಂಬೂದ್ವೀಪ, ಭರತವರ್ಷ, ಗೋದಾವರಿಯ ದಕ್ಷಿಣ ತೀರ ಅಂತ ಜಾಗದ ವಿಳಾಸ ಬರುತ್ತದೆ. ಆಮೇಲೆ ಶಾಲಿವಾಹನ ಶಕೆ, ಸಂವತ್ಸರ, ಮಾಸ, ತಿಥಿ. ಬ್ರಹ್ಮನ ಆಯಸ್ಸಿನಿಂದ ಹಿಡಿದು ಇವತ್ತಿನ ತಿಥಿಯವರೆಗೆ ಇಳಿದು ಬಂದು, ಅಲ್ಲಿ ನಮ್ಮ ಗೋತ್ರ-ನಕ್ಷತ್ರ ಸೇರಿಸಿ ಕೈಗೆ ನೀರು ಬಿಡುತ್ತಾರೆ. ನಾವು ಮಾತ್ರ ಸುಮ್ನೆ ತಲೆಯಾಡಿಸುತ್ತ ಕೂತಿರುತ್ತೇವೆ.

ಲೆಕ್ಕ ಹೀಗಿದೆ. ಕಲಿಯುಗ 4,32,000 ವರ್ಷ. ಅದರ ಎರಡರಷ್ಟು ದ್ವಾಪರ, ಮೂರರಷ್ಟು ತ್ರೇತಾ, ನಾಲ್ಕರಷ್ಟು ಕೃತ. ನಾಲ್ಕೂ ಸೇರಿ ಒಂದು ಮಹಾಯುಗ, 43,20,000 ವರ್ಷ. ಮನುಸ್ಮೃತಿ ಇದನ್ನೇ 12,000 ವರ್ಷ ಅನ್ನುತ್ತದೆ. ಪುರಾಣಗಳು ಅವನ್ನು ದೇವತೆಗಳ ವರ್ಷ ಅಂತ ಹಿಡಿದು 360ರಿಂದ ಗುಣಿಸುತ್ತವೆ, ಯಾಕಂದರೆ ನಮ್ಮ ಒಂದು ವರ್ಷ ಅವರಿಗೆ ಒಂದು ದಿನ. ಅಂಥ ಸಾವಿರ ಮಹಾಯುಗ ಬ್ರಹ್ಮನ ಒಂದು ಹಗಲು, ಅಂದರೆ ಒಂದು ಕಲ್ಪ, 432 ಕೋಟಿ ವರ್ಷ. ರಾತ್ರಿಯೂ ಅಷ್ಟೇ ಉದ್ದ. ಇಂಥ ದಿನಗಳ ನೂರು ವರ್ಷ ಬ್ರಹ್ಮನ ಆಯಸ್ಸು. ಅದರಲ್ಲಿ ಅರ್ಧ, ಐವತ್ತು ವರ್ಷ, ಕಳೆದಿದೆ. ಸಂಕಲ್ಪದ "ದ್ವಿತೀಯ ಪರಾರ್ಧ" ಅಂದರೆ ಇದೇ.

ಇಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ, ಸ್ವಲ್ಪ ನಿಧಾನವಾಗಿ ನೋಡಿ. ಒಂದು ಕಲ್ಪದಲ್ಲಿ 14 ಮನ್ವಂತರ, ಅಂದರೆ ಒಬ್ಬೊಬ್ಬ ಮನುವಿನ ಕಾಲ, ಒಂದೊಂದಕ್ಕೆ 71 ಮಹಾಯುಗ. ಗುಣಿಸಿದರೆ 994. ಸಾವಿರಕ್ಕೆ ಇನ್ನೂ ಆರು ಬೇಕು, ಅಲ್ವಾ? ಅದಕ್ಕೆ ಸೂರ್ಯಸಿದ್ಧಾಂತ ಅನ್ನುವ ಹಳೆಯ ಖಗೋಳ ಗ್ರಂಥ ಕಲ್ಪದ ಶುರುವಿನಲ್ಲೊಂದು, ಪ್ರತಿ ಮನ್ವಂತರದ ಕೊನೆಗೊಂದು ಅಂತ 15 ಸಂಧಿಕಾಲ ಇಡುತ್ತದೆ. ಒಂದೊಂದು ಸಂಧಿ ಒಂದು ಕೃತಯುಗದಷ್ಟು, ಅಂದರೆ ಮಹಾಯುಗದ ಹತ್ತರಲ್ಲಿ ನಾಲ್ಕು ಪಾಲು. ಹದಿನೈದು ಸಂಧಿ ಸೇರಿದರೆ ಸರಿಯಾಗಿ ಆರು. ಇದೇ ಲೆಕ್ಕದಲ್ಲಿ ಆರು ಮನ್ವಂತರ, ಏಳು ಸಂಧಿ, 27 ಮಹಾಯುಗ, ಆಮೇಲಿನ ಮೂರು ಯುಗ ಕೂಡಿಸಿದರೆ ಈ ಕಲ್ಪ ಶುರುವಾಗಿ ಕಲಿಯುಗ ಹುಟ್ಟುವ ಹೊತ್ತಿಗೆ 197,29,44,000 ವರ್ಷ ಆಗಿತ್ತು ಅಂತ ಬರುತ್ತದೆ. ನೀವೇ ಕೂಡಿಸಿ ನೋಡಿ, ಒಂದು ಸಲ ಕೈಯಾರೆ ಮಾಡಿದರೆ ಮರೆಯುವುದಿಲ್ಲ. ಸೂರ್ಯಸಿದ್ಧಾಂತದಲ್ಲಿ ಇನ್ನೊಂದು ತಮಾಷೆ ಇದೆ. ಬ್ರಹ್ಮ ಗ್ರಹ, ನಕ್ಷತ್ರ, ಜೀವಿಗಳನ್ನೆಲ್ಲ ಸೃಷ್ಟಿ ಮಾಡಲು ತೆಗೆದುಕೊಂಡ ಸಮಯ ಅಂತ 1,70,64,000 ವರ್ಷವನ್ನು ಇದರಲ್ಲಿ ಕಳೆಯುತ್ತಾರೆ. ಸೃಷ್ಟಿ ಮುಗಿದ ಮೇಲಷ್ಟೇ ಗ್ರಹಗಳ ಓಟ ಶುರು, ಹಾಗಾಗಿ ಗ್ರಹಗಣಿತಕ್ಕೆ ಅಲ್ಲಿಂದಲೇ ಎಣಿಕೆ.

ಈ ಲೆಕ್ಕವನ್ನು ಎಲ್ಲರೂ ಒಪ್ಪಿದ್ದರು ಅಂದುಕೊಳ್ಳಬೇಡಿ. ಆರ್ಯಭಟ ನಾಲ್ಕೂ ಯುಗಗಳನ್ನು ಸಮ ಮಾಡಿ ಒಂದೊಂದಕ್ಕೆ 10,80,000 ವರ್ಷ ಕೊಟ್ಟ. ಮನ್ವಂತರಕ್ಕೆ 72 ಮಹಾಯುಗ, ಕಲ್ಪಕ್ಕೆ 1008. ಸಂಧಿಯ ಗೋಜೇ ಇಲ್ಲ, ಲೆಕ್ಕ ಅಚ್ಚುಕಟ್ಟು. ಸ್ಮೃತಿಗಳಿಗೆ ಇದು ಹೊಂದುವುದಿಲ್ಲ ಅಂತ ಗಣಿತಜ್ಞ ಬ್ರಹ್ಮಗುಪ್ತ ಆಮೇಲೆ ಜಗಳ ತೆಗೆದ. ಕಲಿಯುಗ ಶುರುವಾಗಿ 3600 ವರ್ಷ ಆದಾಗ ತನಗೆ 23 ವರ್ಷ ಅಂತ ಆರ್ಯಭಟ ಬರೆದುಕೊಂಡಿದ್ದಾನೆ. ಅದು ಕ್ರಿ.ಶ. 499. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಕಲಿಯುಗದ ಆರಂಭ ಕ್ರಿ.ಪೂ. 3102 ಅಂತ ಬರುತ್ತದೆ.

ಇದೇ ಎಣಿಕೆ ನಮ್ಮ ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಕಲ್ಲಿನ ಮೇಲಿದೆ. ಮೇಗುತಿ ಗುಡಿಯ ಶಾಸನ, ಇಮ್ಮಡಿ ಪುಲಕೇಶಿಯ ಕಾಲದ್ದು, ಬರೆದವನು ರವಿಕೀರ್ತಿ. ಭಾರತ ಯುದ್ಧವಾಗಿ ಮೂವತ್ತು, ಮೂರು ಸಾವಿರ, ಏಳು ನೂರು, ಐದು ವರ್ಷ ಕಳೆದಿವೆ ಅಂತ ಸಂಖ್ಯೆಯನ್ನು ತುಂಡು ಮಾಡಿ ಶ್ಲೋಕದಲ್ಲಿ ಕೂರಿಸಿದ್ದಾನೆ. ಒಟ್ಟು 3735. ಜೊತೆಗೆ ಶಕ ರಾಜರ ಕಾಲದ 556ನ್ನೂ ಹೇಳುತ್ತಾನೆ, ಅಂದರೆ ಕ್ರಿ.ಶ. 634-35. ಎರಡೂ ಒಂದಕ್ಕೊಂದು ತಾಳೆಯಾಗುತ್ತವೆ. ಗಮನಿಸಿ, ಮಹಾಭಾರತದ ಪ್ರಕಾರ ಯುದ್ಧ ಮುಗಿದು 36 ವರ್ಷಕ್ಕೆ ಕೃಷ್ಣ ಹೋದ, ಅವನು ಹೋದ ದಿನವೇ ಕಲಿ ಕಾಲಿಟ್ಟ ಅನ್ನುತ್ತವೆ ಪುರಾಣಗಳು. ರವಿಕೀರ್ತಿ ಈ 36 ವರ್ಷಕ್ಕೆ ತಲೆ ಕೆಡಿಸಿಕೊಂಡಿಲ್ಲ, ಯುದ್ಧವನ್ನೂ ಕಲಿಯನ್ನೂ ಒಂದೇ ಎಣಿಕೆಗೆ ಹಾಕಿದ್ದಾನೆ. ಅಂದಹಾಗೆ ಆ ಗುಡಿ ಜಿನಾಲಯ, ಕವಿಯೂ ಜೈನ. ಜೈನರಿಗೆ ಏರುವ ಉತ್ಸರ್ಪಿಣಿ, ಇಳಿಯುವ ಅವಸರ್ಪಿಣಿ ಅಂತ ತಮ್ಮದೇ ಕಾಲಚಕ್ರ ಇದ್ದರೂ ತಾರೀಕು ಹಾಕುವಾಗ ಊರಲ್ಲಿ ಚಾಲ್ತಿಯಲ್ಲಿದ್ದ ಲೆಕ್ಕವನ್ನೇ ಬಳಸಿದ್ದಾನೆ. ನನಗೆ ತುಂಬ ಇಷ್ಟವಾದ ಶಾಸನ ಇದು.

ಸೃಷ್ಟಿಯ ವಿಷಯದಲ್ಲಿ ಒಂದೇ ಕಥೆ ಹುಡುಕಬೇಡಿ, ಸಿಗುವುದಿಲ್ಲ. ಋಗ್ವೇದದ ಹತ್ತನೇ ಮಂಡಲ ಒಂದರಲ್ಲೇ ಪುರುಷನನ್ನು ಯಜ್ಞಕ್ಕೆ ಕೊಟ್ಟು ಲೋಕ ಆಯಿತು ಅನ್ನುವ ಸೂಕ್ತ ಇದೆ, ಮೊದಲು ಹೊನ್ನಿನ ಗರ್ಭ ಇತ್ತು ಅನ್ನುವ ಹಿರಣ್ಯಗರ್ಭ ಸೂಕ್ತ ಇದೆ, ಮೇಲಿನಿಂದ ನೋಡುವವನಿಗಾದರೂ ಇದು ಗೊತ್ತೋ ಇಲ್ಲವೋ ಅಂತ ಪ್ರಶ್ನೆಯಲ್ಲೇ ನಿಲ್ಲುವ ನಾಸದೀಯ ಸೂಕ್ತವೂ ಇದೆ. ತೈತ್ತಿರೀಯ ಉಪನಿಷತ್ತಿನಲ್ಲಿ ಆತ್ಮದಿಂದ ಆಕಾಶ, ಗಾಳಿ, ಬೆಂಕಿ, ನೀರು, ಭೂಮಿ, ಗಿಡಮೂಲಿಕೆ, ಅನ್ನ, ಮನುಷ್ಯ ಅಂತ ಸಾಲು. ಸಾಂಖ್ಯ ದರ್ಶನದವರಿಗೆ ಪ್ರಕೃತಿಯಿಂದ ಮಹತ್ತು (ಬುದ್ಧಿ), ಅಹಂಕಾರ ಹೀಗೆ ಇಳಿಯುವ ತತ್ತ್ವಗಳು, ಪುರುಷ ಅಂದರೆ ಚೇತನವೂ ಸೇರಿ 25. ಪರೀಕ್ಷೆಗೆ ಇಷ್ಟು ಸಾಕು.

ನಮಗೆ ಬೇಕಾದದ್ದು ಸಂಧ್ಯಾವಂದನೆ ಮಾಡುವವರ ಬಾಯಲ್ಲಿ ದಿನವೂ ಬರುವ ಒಂದು ಸಾಲು: "ಸೂರ್ಯಾಚಂದ್ರಮಸೌ ಧಾತಾ ಯಥಾಪೂರ್ವಮಕಲ್ಪಯತ್". ಇದೂ ಹತ್ತನೇ ಮಂಡಲದ್ದೇ. ವಿಧಾತ ಸೂರ್ಯ ಚಂದ್ರರನ್ನು ಮೊದಲಿನ ಹಾಗೆಯೇ ಮಾಡಿದ. "ಯಥಾಪೂರ್ವ" ಅಂದ ಮೇಲೆ ಇದಕ್ಕೆ ಮುಂಚೆಯೂ ಒಂದು ಸೃಷ್ಟಿ ಇತ್ತು ಅಂತಾಯಿತು.

ಈಗ ಆ ಪ್ರಶ್ನೆಗೆ ಬನ್ನಿ. ವೇದಾಂತದ ಮೂಲಗ್ರಂಥಗಳಲ್ಲಿ ಒಂದಾದ ಬ್ರಹ್ಮಸೂತ್ರದ ಎರಡನೇ ಅಧ್ಯಾಯ, ಮೊದಲ ಪಾದ, 34ರಿಂದ 36ನೇ ಸೂತ್ರ. ಮೂರೇ ಸೂತ್ರ, ಆದರೆ ಈ ಇಡೀ ಟಿಪ್ಪಣಿಯ ಗಂಟು ಇಲ್ಲೇ ಇದೆ. ಮೊದಲ ಆಕ್ಷೇಪ: ದೇವರೇ ಲೋಕ ಮಾಡಿದ್ದಾದರೆ ಒಬ್ಬರನ್ನು ಸುಖದಲ್ಲಿ, ಇನ್ನೊಬ್ಬರನ್ನು ನರಳಾಟದಲ್ಲಿ ಇಟ್ಟ ಅವನು ಪಕ್ಷಪಾತಿ, ಕ್ರೂರಿ. ಉತ್ತರ: ಇಲ್ಲ, ಅವನು ಅವರವರ ಕರ್ಮ ನೋಡಿಕೊಂಡು ಮಾಡುತ್ತಾನೆ. ಎರಡನೇ ಆಕ್ಷೇಪ ನಮ್ಮದೇ: ಸೃಷ್ಟಿಗೆ ಮುಂಚೆ ಎಲ್ಲ ಒಂದೇ ಆಗಿತ್ತು ಅನ್ನುತ್ತದೆ ಶ್ರುತಿ, ಅಂದರೆ ವೇದ, ಆಗ ಬೇರೆ ಬೇರೆ ಕರ್ಮ ಎಲ್ಲಿತ್ತು? ಉತ್ತರ ಒಂದೇ ಪದ, "ಅನಾದಿತ್ವಾತ್". ಸಂಸಾರಕ್ಕೆ ಆದಿಯೇ ಇಲ್ಲ. ಬೀಜದಿಂದ ಮೊಳಕೆ, ಮೊಳಕೆ ಬೆಳೆದು ಮತ್ತೆ ಬೀಜ, ಯಾವುದು ಮೊದಲು ಅಂತ ಕೇಳುವ ಹಾಗಿಲ್ಲ. ಇದಕ್ಕೆ ಆಧಾರವಾಗಿ ಶಂಕರಾಚಾರ್ಯರು ಭಾಷ್ಯದಲ್ಲಿ ಎತ್ತಿಕೊಳ್ಳುವುದು ಅದೇ "ಯಥಾಪೂರ್ವಮಕಲ್ಪಯತ್" ಸಾಲನ್ನು.

ಇಷ್ಟು ಗೊತ್ತಾದ ಮೇಲೆ ಕಲ್ಪ, ಪ್ರಳಯ, ಮತ್ತೆ ಕಲ್ಪ ಅನ್ನುವ ಆ ದೈತ್ಯ ಅಂಕಿಗಳು ಸುಮ್ನೆ ಬೆರಗು ಹುಟ್ಟಿಸಲು ಇಟ್ಟವು ಅನಿಸುವುದಿಲ್ಲ. ಕಾಲಕ್ಕೆ ಒಂದು ಶುರು ಇಟ್ಟುಬಿಟ್ಟರೆ ಕರ್ಮಸಿದ್ಧಾಂತ ಅಲ್ಲೇ ಮುರಿದು ಬೀಳುತ್ತದೆ. ಪ್ರಳಯದಲ್ಲೂ ಕರ್ಮ ಅಳಿಸಿಹೋಗಬಾರದು, ಹೋದರೆ ಮುಂದಿನ ಸೃಷ್ಟಿಗೆ ಮತ್ತೆ ಅದೇ ಪ್ರಶ್ನೆ. ಅದಕ್ಕೇ ಗೀತೆಯ ಎಂಟನೇ ಅಧ್ಯಾಯ ಸಾವಿರ ಯುಗದ ಹಗಲು, ಸಾವಿರ ಯುಗದ ರಾತ್ರಿ (ಇಲ್ಲಿ ಯುಗ ಅಂದರೆ ಮಹಾಯುಗ) ಹೇಳಿದ ಕೂಡಲೇ, ಅದೇ ಜೀವಿಗಳ ಗುಂಪು ಹುಟ್ಟಿ ಹುಟ್ಟಿ ಲಯವಾಗಿ ಮತ್ತೆ ಹಗಲಾದಾಗ ಹುಟ್ಟುತ್ತದೆ ಅನ್ನುತ್ತದೆ. "ಅದೇ" ಗುಂಪು ಅನ್ನುವುದು ಮುಖ್ಯ.

ಇನ್ನು ಕರ್ಮ. ನಾವು ಬಸ್ಸು ತಪ್ಪಿದರೂ "ನನ್ನ ಕರ್ಮ" ಅಂತೀವಿ. ಆದರೆ ಬೃಹದಾರಣ್ಯಕ ಉಪನಿಷತ್ತಿನಲ್ಲಿ ಇದು ಗುಟ್ಟಿನ ಮಾತು. ಜನಕನ ಸಭೆಯಲ್ಲಿ ಆರ್ತಭಾಗ ಯಾಜ್ಞವಲ್ಕ್ಯನನ್ನು ಕೇಳುತ್ತಾನೆ: ಸತ್ತವನ ಮಾತು ಬೆಂಕಿಗೆ ಸೇರಿತು, ಉಸಿರು ಗಾಳಿಗೆ, ಕಣ್ಣು ಸೂರ್ಯನಿಗೆ, ಮೈ ಮಣ್ಣಿಗೆ, ಹಾಗಾದರೆ ಆ ಮನುಷ್ಯ ಎಲ್ಲಿ? ಯಾಜ್ಞವಲ್ಕ್ಯ ಸಭೆಯಲ್ಲಿ ಉತ್ತರ ಕೊಡುವುದಿಲ್ಲ. ಕೈ ಕೊಡಪ್ಪ, ಇದು ನಾಲ್ಕು ಜನರ ಮುಂದೆ ಆಡುವ ಮಾತಲ್ಲ ಅಂತ ಅವನನ್ನು ಹೊರಗೆ ಕರೆದುಕೊಂಡು ಹೋಗುತ್ತಾನೆ. ಅವರಿಬ್ಬರು ಮಾತಾಡಿದ್ದು ಕರ್ಮವನ್ನೇ, ಹೊಗಳಿದ್ದು ಕರ್ಮವನ್ನೇ, ಒಳ್ಳೆಯದು ಮಾಡಿ ಒಳ್ಳೆಯವನಾಗುತ್ತಾನೆ, ಕೆಟ್ಟದ್ದು ಮಾಡಿ ಕೆಟ್ಟವನಾಗುತ್ತಾನೆ ಅಂತ ಉಪನಿಷತ್ತು ಚುಟುಕಾಗಿ ಮುಗಿಸುತ್ತದೆ. ಋಗ್ವೇದದಲ್ಲಿ ಪುನರ್ಜನ್ಮ ಸ್ಪಷ್ಟವಾಗಿ ಇಲ್ಲ, ಹೊಸ ವಿಚಾರ ಸಭೆಗೆ ಬರುವ ಮುಂಚಿನ ಹಿಂಜರಿಕೆ ಇಲ್ಲಿ ಕಾಣುತ್ತದೆ ಅಂತ ನನಗನಿಸುತ್ತದೆ.

ಸಂಚಿತ, ಪ್ರಾರಬ್ಧ, ಆಗಾಮಿ ಅನ್ನುವ ವಿಂಗಡಣೆ ಆಮೇಲಿನ ವೇದಾಂತದ್ದು. ಜನ್ಮಜನ್ಮಗಳಿಂದ ಸೇರಿದ್ದು ಸಂಚಿತ. ಅದರಲ್ಲಿ ಈ ಶರೀರ ಕೊಟ್ಟು ಫಲ ಕೊಡಲು ಶುರು ಮಾಡಿದ್ದು ಪ್ರಾರಬ್ಧ. ಈಗ ಮಾಡುತ್ತಿರುವುದು ಆಗಾಮಿ. ಜ್ಞಾನ ಬಂದರೆ ಸಂಚಿತ ಸುಟ್ಟುಹೋಗುತ್ತದೆ, ಆಗಾಮಿ ಅಂಟುವುದಿಲ್ಲ, ಆದರೆ ಪ್ರಾರಬ್ಧ ಉಂಡೇ ತೀರಬೇಕು. ಜ್ಞಾನಿಗೂ ಕಾಯಿಲೆ ಬರುವುದು ಯಾಕೆ ಅಂದರೆ ಇದೇ ಉತ್ತರ. ಹಣೆಬರಹಕ್ಕೂ ಇದಕ್ಕೂ ವ್ಯತ್ಯಾಸ ಇದೆ: ಹಣೆಯಲ್ಲಿ ಬರೆದದ್ದು ಬೇರೆಯವರ ಕೈಬರಹ, ಕರ್ಮ ನಮ್ಮದೇ.

ಪುನರ್ಜನ್ಮಕ್ಕೆ ಛಾಂದೋಗ್ಯ ಉಪನಿಷತ್ತಿನ ಐದನೇ ಅಧ್ಯಾಯ ಓದಲೇಬೇಕು. ಓದು ಮುಗಿಸಿ ಬಂದ ಶ್ವೇತಕೇತುವಿಗೆ ರಾಜ ಪ್ರವಾಹಣ ಜೈವಲಿ ಐದು ಪ್ರಶ್ನೆ ಕೇಳುತ್ತಾನೆ, ಹುಡುಗ ಐದಕ್ಕೂ ಗೊತ್ತಿಲ್ಲ ಅನ್ನುತ್ತಾನೆ. ಅದರಲ್ಲೊಂದು, ಇಷ್ಟು ಜನ ಸಾಯುತ್ತಿದ್ದರೂ ಆ ಲೋಕ ಯಾಕೆ ತುಂಬುವುದಿಲ್ಲ? ಯಾಕಂದರೆ ತಿರುಗಿ ಬರುತ್ತಾರೆ. ಜ್ಞಾನಿಗಳು ದೇವಯಾನ ಅನ್ನುವ ಬೆಳಕಿನ ದಾರಿಯಲ್ಲಿ ಹೋಗಿ ವಾಪಸ್ ಬರುವುದಿಲ್ಲ. ಯಜ್ಞ, ದಾನ ಮಾಡಿದವರು ಹೊಗೆಯ ದಾರಿಯಲ್ಲಿ ಚಂದ್ರನವರೆಗೆ ಹೋಗಿ, ಪುಣ್ಯ ತೀರಿದ ಮೇಲೆ ಮೋಡವಾಗಿ, ಮಳೆಯಾಗಿ ಸುರಿದು, ಭತ್ತ, ಜವೆಗೋಧಿ, ಎಳ್ಳು, ಉದ್ದು ಆಗಿ ಹುಟ್ಟುತ್ತಾರೆ. ಅಲ್ಲಿಂದ ಹೊರಬರುವುದು ಬಹಳ ಕಷ್ಟ ಅನ್ನುತ್ತದೆ ಉಪನಿಷತ್ತು, ಯಾರಾದರೂ ಆ ಅನ್ನ ಉಂಡು ಸಂತಾನ ಪಡೆದರೆ ಮಾತ್ರ ಮುಂದಿನ ಹುಟ್ಟು. ಎರಡೂ ದಾರಿ ಸಿಗದ ಹುಳುಹುಪ್ಪಟೆಗಳಿಗೆ "ಹುಟ್ಟು, ಸಾಯಿ" ಅನ್ನುವುದೇ ಮೂರನೇ ಜಾಗ.

ಇಲ್ಲೇ ಒಂದು ಸಾಲು ಇದೆ, ಅದನ್ನು ಹಾರಿಸಿ ಓದುವವರೇ ಜಾಸ್ತಿ. ಒಳ್ಳೆಯ ನಡತೆಯವರು ಬ್ರಾಹ್ಮಣ, ಕ್ಷತ್ರಿಯ, ವೈಶ್ಯರಾಗಿ ಹುಟ್ಟುತ್ತಾರೆ, ಕೆಟ್ಟ ನಡತೆಯವರು ನಾಯಿ, ಹಂದಿ, ಚಂಡಾಲರಾಗಿ ಅಂತ. ಹುಟ್ಟಿನ ಏರುಪೇರಿಗೆ ಹುಟ್ಟಿದವನನ್ನೇ ಹೊಣೆ ಮಾಡುವ ಮಾತು ಇದು. ದೇವರ ಮೇಲಿನ ಪಕ್ಷಪಾತದ ಆರೋಪ ತೆಗೆದ ಅದೇ ಯುಕ್ತಿ, ಸಮಾಜದ ಮೇಲಿನ ಆರೋಪವನ್ನೂ ತೆಗೆದುಬಿಡುತ್ತದೆ. ಹನ್ನೆರಡನೇ ಶತಮಾನದ ಶರಣರು ಲಿಂಗದೀಕ್ಷೆ ಪಡೆದವನ ಹಿಂದಿನ ಕುಲ ಕೇಳಬಾರದು ಅಂದಾಗ ಕೈ ಹಾಕಿದ್ದು ಕರ್ಮಕ್ಕೂ ಹುಟ್ಟಿನ ಕುಲಕ್ಕೂ ನಡುವಿನ ಈ ಕೊಂಡಿಗೇ. ಪ್ರಬಂಧ ಬರೆಯುವಾಗ ಇದನ್ನು ಬಿಡಬೇಡಿ.

ಅನಾದಿ ಅನ್ನುವ ಉತ್ತರ ಎಲ್ಲರಿಗೂ ಸಾಕಾಗಿಲ್ಲ. ಮೀಮಾಂಸಕ, ಅಂದರೆ ವೇದದ ಯಜ್ಞವಿಧಿಯನ್ನೇ ಮುಖ್ಯ ಮಾಡುವ ಪಂಥದ ಕುಮಾರಿಲ ಭಟ್ಟ ಮಹಾಪ್ರಳಯವನ್ನೇ ಒಪ್ಪುವುದಿಲ್ಲ. ಲೋಕ ಯಾವತ್ತೂ ಹೀಗೇ ಇದೆ, ಮಾಡಿದವನೂ ಬೇಡ, ಯಜ್ಞಕ್ಕೂ ಫಲಕ್ಕೂ ನಡುವೆ "ಅಪೂರ್ವ" ಅನ್ನುವ ಶಕ್ತಿ ಇದ್ದರೆ ಆಯಿತು. ಅದ್ವೈತಿ ಗೌಡಪಾದರದು ಇದರ ಪೂರ್ತಿ ವಿರುದ್ಧ ತುದಿ, ಪರಮಾರ್ಥದಲ್ಲಿ ಹುಟ್ಟೇ ಇಲ್ಲ, ಲಯವೂ ಇಲ್ಲ. ಉಡುಪಿಯ ಮಧ್ವಾಚಾರ್ಯರು ಮಾತ್ರ ಪ್ರಶ್ನೆಯನ್ನು ಇನ್ನೊಂದು ಮೆಟ್ಟಿಲು ಕೆಳಕ್ಕೆ ಒಯ್ಯುತ್ತಾರೆ. ಕರ್ಮ ಅನಾದಿ ಅಂತಲೇ ಇಟ್ಟುಕೊಳ್ಳಿ, ಇಬ್ಬರ ಅನಾದಿ ಕರ್ಮ ಬೇರೆ ಬೇರೆ ಯಾಕಿದೆ? ಜೀವರ ಸ್ವರೂಪವೇ ಬೇರೆ ಬೇರೆ, ಅದಕ್ಕೆ. ಮುಕ್ತಿಯೋಗ್ಯರು, ಹುಟ್ಟುಸಾವಿನಲ್ಲೇ ಸುತ್ತುವ ನಿತ್ಯಸಂಸಾರಿಗಳು, ಕತ್ತಲ ನರಕಕ್ಕೇ ಸೇರುವ ತಮೋಯೋಗ್ಯರು ಅಂತ ಮೂರು ವರ್ಗ, ಆ ಯೋಗ್ಯತೆ ಯಾವ ಕಲ್ಪದಲ್ಲೂ ಬದಲಾಗುವುದಿಲ್ಲ. ಬೇರೆ ವೇದಾಂತಿಗಳು ಇದನ್ನು ಒಪ್ಪುವುದಿಲ್ಲ, ನನಗೂ ಒಪ್ಪುವುದು ಕಷ್ಟವೇ, ಆದರೆ ಅನಾದಿ ಅಂದ ಮೇಲೂ ಒಂದು "ಯಾಕೆ" ಉಳಿಯುತ್ತದೆ ಅಂತ ಇಷ್ಟು ನೇರವಾಗಿ ಹಿಡಿದವರು ಅಪರೂಪ.