ಬೆಂಕಿ ತೆಗೆದ ಮೇಲೂ ಕುದಿಯುವ ಕೊಪ್ಪರಿಗೆ

ಪ್ರಶ್ನೆ: ಕೈಗಾದ 5 ಮತ್ತು 6ನೇ ಘಟಕಗಳಿಗೆ ಸರ್ಕಾರ 2017ರಲ್ಲೇ ಒಪ್ಪಿಗೆ ಕೊಟ್ಟಿದೆ. ಏನಾದರೂ ತೊಂದರೆಯಾದರೆ ಭಾರಜಲ ರಿಯಾಕ್ಟರನ್ನು ಎರಡು ಮೂರು ಸೆಕೆಂಡುಗಳಲ್ಲಿ ನಿಲ್ಲಿಸಬಹುದು ಎನ್ನುತ್ತಾರೆ. ನಿಲ್ಲಿಸಿದರೆ ಮುಗಿಯಿತಲ್ಲವೇ? ಹಾಗಿದ್ದರೂ ಹಂತ ಹಂತವಾಗಿ ವರ್ಷಗಟ್ಟಲೆ ಪರವಾನಗಿ ಪಡೆಯಬೇಕು ಏಕೆ?
– ಪಾಂಡವಪುರದ ಓದುಗರೊಬ್ಬರು

ಉತ್ತರ: ಈ ಪ್ರಶ್ನೆಯನ್ನು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ನಡಿಗೆಯಲ್ಲಿ ಕೇಳಿಸಿಕೊಂಡಿದ್ದೇನೆ, ಮದುವೆಯ ಊಟದ ಪಂಕ್ತಿಯಲ್ಲಿ ಕೇಳಿಸಿಕೊಂಡಿದ್ದೇನೆ, ಎಂಜಿನಿಯರಿಂಗ್ ಓದಿದ ನನ್ನ ಹಳೆಯ ವಿದ್ಯಾರ್ಥಿಗಳ ಬಾಯಲ್ಲೂ ಕೇಳಿದ್ದೇನೆ. ರಿಯಾಕ್ಟರ್ ಬಾಂಬಿನಂತೆ ಸಿಡಿಯುತ್ತದೆ ಎಂದು ಹೆದರುವವರಿಗೆ ಉತ್ತರ ಹೇಳುವುದು ಸುಲಭ. ಭಾರಜಲ, ಅಂದರೆ ಭಾರದ ಹೈಡ್ರೋಜನ್ ಇರುವ ನೀರು, ಬಳಸುವ ಈ ರಿಯಾಕ್ಟರುಗಳ ಇಂಧನ ಸಹಜ ಯುರೇನಿಯಂ. ಅದರಲ್ಲಿ ವಿದಳನಕ್ಕೆ, ಅಂದರೆ ಪರಮಾಣು ಒಡೆಯುವುದಕ್ಕೆ, ಒದಗುವ ಯುರೇನಿಯಂ-235 ಇರುವುದು ಶೇ 0.7ರಷ್ಟು ಮಾತ್ರ, ಅದು ಬಾಂಬ್ ಆಗುವುದಿಲ್ಲ. ಆದರೆ ‘ಗುಂಡಿ ಒತ್ತಿದರೆ ಆರಿತು’ ಎಂದು ಧೈರ್ಯವಾಗಿರುವವರನ್ನು ಒಪ್ಪಿಸುವುದು ಕಷ್ಟ. ಧೈರ್ಯದ ವೇಷ ಹಾಕಿದ ತಪ್ಪು ಕಲ್ಪನೆಯನ್ನು ಯಾರೂ ಅನುಮಾನಿಸುವುದಿಲ್ಲ. ಆದ್ದರಿಂದ ಇವತ್ತು ಅದೊಂದನ್ನೇ ಹಿಡಿದು ಕೂರುತ್ತೇನೆ.

ನೀವು ಪಾಂಡವಪುರದವರು, ಆಲೆಮನೆ ನೋಡಿಯೇ ಇರುತ್ತೀರಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕ ಹದಕ್ಕೆ ಬರುತ್ತಿದ್ದಂತೆ ಒಲೆಗೆ ಸಿಪ್ಪೆ ಹಾಕುವವನು ಕೈ ನಿಲ್ಲಿಸುತ್ತಾನೆ. ಆಗ ಕುದಿತ ನಿಲ್ಲುತ್ತದೆಯೇ? ಪಾಕ ಗುಳುಗುಳು ಎನ್ನುತ್ತಲೇ ಇರುತ್ತದೆ. ಅದಕ್ಕೇ ಎಲ್ಲರೂ ಸೇರಿ ಅವಸರದಲ್ಲಿ ಪಾಕವನ್ನು ಒಲೆಯಿಂದ ಬೇರೆ ಮಾಡುತ್ತಾರೆ. ತಡವಾದರೆ ತಳ ಹಿಡಿದು ಬೆಲ್ಲ ಕಪ್ಪಾಗುತ್ತದೆ. ಉರಿ ನಿಲ್ಲಿಸುವುದು ಒಂದು ಕೆಲಸ, ಶಾಖದಿಂದ ಪಾಕವನ್ನು ಪಾರು ಮಾಡುವುದು ಇನ್ನೊಂದು ಕೆಲಸ.

ಈ ಹೋಲಿಕೆ ಇನ್ನೊಂದು ಹೆಜ್ಜೆ ಮುಂದೆ ಬರುವುದಿಲ್ಲ. ಆಲೆಮನೆಯ ಒಲೆಯಲ್ಲಿರುವುದು ಉಳಿದ ಕಾವು. ಹೊಸದಾಗಿ ಅಲ್ಲಿ ಏನೂ ಹುಟ್ಟುವುದಿಲ್ಲ. ರಿಯಾಕ್ಟರಿನಲ್ಲಿ ನಿಂತ ಮೇಲೂ ಶಾಖ ಹೊಸದಾಗಿ ಹುಟ್ಟುತ್ತಿರುತ್ತದೆ. ಯುರೇನಿಯಂ ಪರಮಾಣು ಒಡೆದಾಗ ಉಳಿಯುವ ಚೂರುಗಳು ಅಸ್ಥಿರವಾದವು. ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ಇದ್ದುದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, 8 ದಿನ, ಸೀಸಿಯಂ-137ರದು 30 ವರ್ಷ. ಕೆಲವು ಸೆಕೆಂಡುಗಳಲ್ಲೇ ಮುಗಿಯುವಂಥವೂ ಇವೆ. ಇವೆಲ್ಲ ತಮ್ಮ ತಮ್ಮ ಗತಿಯಲ್ಲಿ ವಿಕಿರಣ ಹೊಮ್ಮಿಸುತ್ತ ಇಂಧನವನ್ನು ಒಳಗಿನಿಂದಲೇ ಬಿಸಿ ಮಾಡುತ್ತಿರುತ್ತವೆ. ಇದಕ್ಕೆ ಕ್ಷಯಶಾಖ ಎನ್ನುತ್ತೇವೆ. ಇದನ್ನು ನಿಲ್ಲಿಸುವ ಗುಂಡಿಯನ್ನು ಜಗತ್ತಿನಲ್ಲಿ ಯಾರೂ ಮಾಡಿಲ್ಲ, ಮಾಡಲು ಬರುವುದೂ ಇಲ್ಲ.

ಎಷ್ಟು ಶಾಖ ಎಂದು ಲೆಕ್ಕ ಹಾಕೋಣ. ಕೈಗಾದ 5 ಮತ್ತು 6ನೇ ಘಟಕಗಳಂತೆ 700 ಮೆಗಾವ್ಯಾಟ್ ವಿದ್ಯುತ್ ಕೊಡುವ ರಿಯಾಕ್ಟರ್ ಹುಟ್ಟಿಸುವ ಶಾಖ ಸುಮಾರು 2,170 ಮೆಗಾವ್ಯಾಟ್. ಒಂದು ಪರಮಾಣು ಒಡೆದಾಗ ಹೊಮ್ಮುವ ನ್ಯೂಟ್ರಾನ್ ಕಣಗಳು ಇನ್ನೊಂದನ್ನು ಒಡೆಯುತ್ತ ಹೋಗುವ ಸರಪಳಿ ಕ್ರಿಯೆ ನಿಂತ ಕ್ಷಣದಲ್ಲಿ ಅದರ ಶೇ 6ರಿಂದ 7ರಷ್ಟು, ಅಂದರೆ ಸುಮಾರು 140 ಮೆಗಾವ್ಯಾಟ್ ಇನ್ನೂ ಬರುತ್ತಿರುತ್ತದೆ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರವನ್ನು ನೆನೆಯಿರಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಆ ಕೇಂದ್ರದ ಇಂದಿನ ಸಾಮರ್ಥ್ಯ 42 ಮೆಗಾವ್ಯಾಟ್. ‘ಆಫ್’ ಆದ ರಿಯಾಕ್ಟರ್ ಮೊದಲ ಕ್ಷಣದಲ್ಲಿ ಅದರ ಮೂರು ಪಟ್ಟಿಗಿಂತ ಹೆಚ್ಚು ಶಾಖ ಕಾರುತ್ತಿರುತ್ತದೆ. ಒಂದು ಗಂಟೆಯ ನಂತರ ಅದು ಸುಮಾರು 30 ಮೆಗಾವ್ಯಾಟಿಗೆ ಇಳಿಯುತ್ತದೆ. ಒಂದು ದಿನ ಕಳೆದ ಮೇಲೂ ಸುಮಾರು 10 ಮೆಗಾವ್ಯಾಟ್ ಉಳಿದಿರುತ್ತದೆ. ಅಷ್ಟು ಶಾಖ ಗಂಟೆಗೆ ಸುಮಾರು 14 ಸಾವಿರ ಲೀಟರ್ ನೀರನ್ನು ಕುದಿಸಿ ಆವಿ ಮಾಡಬಲ್ಲದು. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ ನೀರಿನ ಟ್ಯಾಂಕರಿಗೆ 5-6 ಸಾವಿರ ಲೀಟರ್ ಹಿಡಿಯುತ್ತದೆ ಎಂದುಕೊಂಡರೆ, ರಿಯಾಕ್ಟರ್ ನಿಂತ ಮರುದಿನವೂ ಗಂಟೆಗೆ ಎರಡು ಮೂರು ಟ್ಯಾಂಕರ್ ನೀರು ಬೇಕು. ಇದನ್ನೇ ‘ಮುಗಿಯಿತು’ ಎನ್ನುತ್ತಿದ್ದೀರಿ.

ಲೆಕ್ಕವನ್ನು ನಂಬದವರು ಫುಕುಶಿಮಾವನ್ನಾದರೂ ನೋಡಬೇಕು. 2011ರ ಮಾರ್ಚ್ 11ರಂದು ಭೂಮಿ ನಡುಗಿದ ಕೂಡಲೇ, ಅಲ್ಲಿ ಆಗ ನಡೆಯುತ್ತಿದ್ದ ಮೂರೂ ರಿಯಾಕ್ಟರುಗಳು ನಿಯಮದಂತೆ ನಿಂತವು. ನ್ಯೂಟ್ರಾನುಗಳನ್ನು ಹೀರುವ ನಿಯಂತ್ರಣ ಸರಳುಗಳು ಒಳಗೆ ಹೋದವು, ವಿದಳನ ನಿಂತಿತು. ಸುಮಾರು 50 ನಿಮಿಷಗಳ ನಂತರ ಬಂದ ಸುನಾಮಿ ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು. ಪಂಪುಗಳಿಗೆ ವಿದ್ಯುತ್ ಇಲ್ಲವಾಯಿತು. ಕರಗಿಹೋದದ್ದು ಆಗಲೇ ನಿಂತಿದ್ದ ಆ ಮೂರು ರಿಯಾಕ್ಟರುಗಳ ಇಂಧನವೇ. ನಿಲ್ಲಿಸುವ ಗುಂಡಿ ಅಲ್ಲಿ ತನ್ನ ಕೆಲಸವನ್ನು ತಪ್ಪಿಲ್ಲದೆ ಮಾಡಿತ್ತು. ಈ ಒಂದು ಮಾತನ್ನು ನಾನು ಎಷ್ಟು ಬಾರಿ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಮರುದಿನ ಇನ್ನೊಬ್ಬರು ಬಂದು ‘ಸರ್, ಆಫ್ ಮಾಡಿಬಿಟ್ಟರೆ ಆಯಿತಲ್ಲ’ ಎನ್ನುತ್ತಾರೆ.

ಜಪಾನಿನವರೆಗೂ ಹೋಗಬೇಕಾಗಿಲ್ಲ, ನಮ್ಮದೇ ಭಾರಜಲ ರಿಯಾಕ್ಟರಿನ ಕಥೆಯಿದೆ. ಉತ್ತರ ಪ್ರದೇಶದ ನರೋರಾದಲ್ಲಿ 1993ರ ಮಾರ್ಚ್ 31ರ ನಸುಕಿನಲ್ಲಿ ಟರ್ಬೈನಿನ ಎರಡು ಅಲಗುಗಳು ಮುರಿದವು. ಜನರೇಟರನ್ನು ತಂಪಾಗಿಡುವ ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು, ಕೇಬಲ್ಲುಗಳು ಸುಟ್ಟವು, ಸುಮಾರು 17 ಗಂಟೆ ಕೇಂದ್ರಕ್ಕೆ ಯಾವ ಕಡೆಯಿಂದಲೂ ವಿದ್ಯುತ್ ಇರಲಿಲ್ಲ. ರಿಯಾಕ್ಟರನ್ನು ಆರಂಭದಲ್ಲೇ ನಿಲ್ಲಿಸಲಾಗಿತ್ತು. ಆದರೂ ಸಿಬ್ಬಂದಿ ಕತ್ತಲಲ್ಲಿ ಟಾರ್ಚ್ ಹಿಡಿದು ಮೇಲೆ ಹತ್ತಿ, ಕೈಯಿಂದಲೇ ಕವಾಟ ತೆರೆದು, ಸರಪಳಿ ಕ್ರಿಯೆ ಮತ್ತೆ ತಲೆ ಎತ್ತದಂತೆ ನ್ಯೂಟ್ರಾನುಗಳನ್ನು ಹೀರುವ ಬೋರಾನ್ ದ್ರಾವಣ ಇಳಿಸಿದರು. ಬೆಂಕಿ ನಂದಿಸಲು ಇದ್ದ ಡೀಸೆಲ್ ಪಂಪುಗಳ ನೀರನ್ನು, ಇಂಧನದಿಂದ ಭಾರಜಲ ಹೊತ್ತು ತರುವ ಶಾಖದಿಂದ ಸಾದಾ ನೀರನ್ನು ಉಗಿಯಾಗಿಸುವ ಉಗಿ ಉತ್ಪಾದಕಗಳಿಗೆ ಹಾಯಿಸಿದರು. ಅಲ್ಲಿಂದ ಮುಂದಿನ ಕೆಲಸವನ್ನು ಪ್ರಕೃತಿಯೇ ಮಾಡಿತು. ಬಿಸಿಯಾದ ಭಾರಜಲ ಮೇಲೇರಿ, ಅಲ್ಲಿ ತಣಿದು ಕೆಳಗಿಳಿದು, ಪಂಪಿನ ಹಂಗಿಲ್ಲದೆ ಸುತ್ತಿತು. ವಿಕಿರಣ ಹೊರಗೆ ಹೋಗಲಿಲ್ಲ. ಆ ರಾತ್ರಿ ಪಾಳಿಯಲ್ಲಿದ್ದವರ ಬಗ್ಗೆ ನನಗೆ ಇವತ್ತಿಗೂ ಅಪಾರ ಗೌರವ.

ಪಂಪಿಲ್ಲದೆ ನೀರು ಸುತ್ತುವುದು ಹೇಗೆ ಎಂದು ಕೇಳಬೇಡಿ, ತಲೆ ಎತ್ತಿ ನೋಡಿ. ಮೈಸೂರಿನ ಮನೆ ಮನೆಯ ತಾರಸಿಯ ಮೇಲಿರುವ ಸೋಲಾರ್ ಹೀಟರ್ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಟ್ಯಾಂಕು ಮೇಲೆ, ಕೊಳವೆಗಳು ಕೆಳಗೆ. ಬಿಸಿನೀರು ತಾನೇ ಮೇಲೇರುತ್ತದೆ. ಭಾರಜಲ ರಿಯಾಕ್ಟರಿನಲ್ಲೂ ಉಗಿ ಉತ್ಪಾದಕಗಳನ್ನು ಇಂಧನಕ್ಕಿಂತ ಎತ್ತರದಲ್ಲಿ ಇಟ್ಟಿರುವುದು ಈ ಕಾರಣಕ್ಕೆ.

ಹೊಸ 700 ಮೆಗಾವ್ಯಾಟ್ ವಿನ್ಯಾಸ ಈ ಪಾಠವನ್ನು ಇನ್ನೂ ಮುಂದಕ್ಕೆ ಒಯ್ದಿದೆ. ಎತ್ತರದಲ್ಲಿ ನೀರಿನ ತೊಟ್ಟಿಗಳಿವೆ. ವಿದ್ಯುತ್ ಪೂರ್ತಿ ಹೋದರೂ ಉಗಿ ಉತ್ಪಾದಕದ ಉಗಿ ಆ ತೊಟ್ಟಿಯೊಳಗಿನ ಕೊಳವೆಗಳಲ್ಲಿ ಹಾದು ತಣಿದು, ನೀರಾಗಿ, ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಇದಲ್ಲದೆ ಭಾರಜಲ ರಿಯಾಕ್ಟರಿನ ರಚನೆಯಲ್ಲೇ ಒಂದು ಅನುಕೂಲವಿದೆ. ಇಂಧನದ ಸುತ್ತ ಹರಿಯುವ ಬಿಸಿ ಭಾರಜಲ ಬೇರೆ. ನ್ಯೂಟ್ರಾನುಗಳ ವೇಗ ತಗ್ಗಿಸಲು ದೊಡ್ಡ ಹಂಡೆಯಂಥ ಕಲಾಂಡ್ರಿಯಾದಲ್ಲಿ ತುಂಬಿಟ್ಟ ತಂಪಾದ ಭಾರಜಲ ಬೇರೆ. ಕಲಾಂಡ್ರಿಯಾದ ಹೊರಗೆ ಸಾದಾ ನೀರು ತುಂಬಿದ ಕಾಂಕ್ರೀಟ್ ಕೋಣೆ. ಒಂದು ಕೈಕೊಟ್ಟರೆ ಇನ್ನೊಂದು ಶಾಖವನ್ನು ಹೀರಿಕೊಳ್ಳುತ್ತದೆ, ಸಿಬ್ಬಂದಿಗೆ ಯೋಚಿಸಲು ಸಮಯ ಸಿಗುತ್ತದೆ.

ಅನುಕೂಲ ಹೇಳಿದ ಮೇಲೆ ಅನನುಕೂಲವನ್ನೂ ಹೇಳಬೇಕು, ಮುಚ್ಚಿಟ್ಟರೆ ಪಾಠವಾಗುವುದಿಲ್ಲ. ಭಾರಜಲ ರಿಯಾಕ್ಟರ್ ತಾನಾಗಿಯೇ ನಿಲ್ಲುತ್ತದೆ ಎಂಬ ಮಾತು ಸುಳ್ಳು. ಸಾದಾ ನೀರಿನ ರಿಯಾಕ್ಟರಿನಲ್ಲಿ ನೀರು ಹೋದರೆ ನ್ಯೂಟ್ರಾನುಗಳ ವೇಗ ತಗ್ಗಿಸುವುದೂ ಹೋಗಿ ಸರಪಳಿ ಕ್ರಿಯೆ ಸೊರಗುತ್ತದೆ. ಇಲ್ಲಿ ಕೊಳವೆಯ ಭಾರಜಲ ಕುದಿದು ಆವಿಯಾದರೂ ಕಲಾಂಡ್ರಿಯಾದ ಭಾರಜಲ ಇದ್ದಲ್ಲೇ ಇರುತ್ತದೆ. ಸರಪಳಿ ಕ್ರಿಯೆ ಇಳಿಯುವ ಬದಲು ಏರಲು ನೋಡುತ್ತದೆ. ಅದಕ್ಕಾಗಿಯೇ ಒಂದನ್ನೊಂದು ಅವಲಂಬಿಸದ ಎರಡು ವೇಗದ ನಿಲುಗಡೆ ವ್ಯವಸ್ಥೆಗಳನ್ನು ಇಟ್ಟಿದ್ದಾರೆ. ಒಂದರಲ್ಲಿ ವಿದ್ಯುತ್ ಹೋದರೆ ಹಿಡಿತ ಸಡಿಲವಾಗಿ ತಾವೇ ಬೀಳುವ ಸರಳುಗಳು, ಇನ್ನೊಂದರಲ್ಲಿ ಅನಿಲದ ಒತ್ತಡದಿಂದ ಕಲಾಂಡ್ರಿಯಾಕ್ಕೆ ನುಗ್ಗುವ, ನ್ಯೂಟ್ರಾನುಗಳನ್ನು ಹೀರುವ ಗ್ಯಾಡೋಲಿನಿಯಂ ದ್ರಾವಣ. ಇವೆಲ್ಲವನ್ನೂ ಎರಡು ಪದರದ ಕಾಂಕ್ರೀಟ್ ಕವಚ ಆವರಿಸಿರುತ್ತದೆ. 700 ಮೆಗಾವ್ಯಾಟಿನದರಲ್ಲಿ ಒಳಪದರಕ್ಕೆ ಉಕ್ಕಿನ ಅಸ್ತರಿಯೂ ಇದೆ.

ಈಗ ಪರವಾನಗಿಗೆ ಬನ್ನಿ. ಇಷ್ಟು ಓದಿದವರಿಗೆ ಅದರ ಕಾರಣ ಅರ್ಧ ಹೊಳೆದಿರುತ್ತದೆ. ಸಂಪುಟದ ಒಪ್ಪಿಗೆ ಎಂದರೆ ಯೋಜನೆಗೂ ಹಣಕ್ಕೂ ಒಪ್ಪಿಗೆ. ಸುರಕ್ಷತೆಯನ್ನು ನೋಡುವುದು 1983ರ ನವೆಂಬರ್ 15ರಂದು ರಚನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಅದು ಮೊದಲು ನಿವೇಶನಕ್ಕೆ ಸಮ್ಮತಿ ಕೊಡಬೇಕು: ಭೂಕಂಪ, ಪ್ರವಾಹ, ಸುತ್ತಲಿನ ಜನವಸತಿ, ಕನಿಷ್ಠ 1 ಕಿಲೋಮೀಟರ್ ವರೆಗೆ ಯಾರೂ ವಾಸಿಸದ ವಲಯ. ನಂತರ ನಿರ್ಮಾಣಕ್ಕೆ, ಅದರಲ್ಲೂ ಅಗೆತಕ್ಕೆ ಬೇರೆ, ಮೊದಲ ಕಾಂಕ್ರೀಟಿಗೆ ಬೇರೆ, ಮುಖ್ಯ ಯಂತ್ರಗಳನ್ನು ಕೂರಿಸಲು ಬೇರೆ. ಆಮೇಲೆ ಕಾರ್ಯಾರಂಭದ ಹಂತಗಳು: ಇಂಧನ ತುಂಬಲು, ಸರಪಳಿ ಕ್ರಿಯೆ ಆರಂಭಿಸಲು, ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಲು. ಪ್ರತಿ ಮೆಟ್ಟಿಲಲ್ಲೂ ಅಳತೆಗಳನ್ನು ಒಪ್ಪಿಸಿ ಮುಂದಿನದಕ್ಕೆ ಕೇಳಬೇಕು. ನಡೆಸುವ ಪರವಾನಗಿಯೂ ಶಾಶ್ವತವಲ್ಲ, ಹೆಚ್ಚೆಂದರೆ 5 ವರ್ಷ. 10 ವರ್ಷಕ್ಕೊಮ್ಮೆ ಇಡೀ ಕೇಂದ್ರದ ಮರುಪರಿಶೀಲನೆ.

ಕಾಂಕ್ರೀಟಿಗೂ ಅಷ್ಟು ಕಟ್ಟುನಿಟ್ಟೇಕೆ ಎನ್ನುವವರಿಗೆ ಕೈಗಾದಲ್ಲೇ ಉತ್ತರವಿದೆ. ಒಂದನೇ ಘಟಕವನ್ನು ಕಟ್ಟುತ್ತಿದ್ದಾಗ, 1994ರ ಮೇ 13ರಂದು, ಗುಮ್ಮಟದ ಒಳಕವಚದಿಂದ ಸುಮಾರು 130 ಟನ್ ಕಾಂಕ್ರೀಟ್ ಪದರವಾಗಿ ಕಳಚಿ ಬಿತ್ತು. ಕಾರ್ಮಿಕರು ಗಾಯಗೊಂಡರು. ಒಳಗೆ ಇಂಧನ ಇನ್ನೂ ಬಂದಿರಲಿಲ್ಲ. ಗುಮ್ಮಟವನ್ನು ಹೊಸದಾಗಿ ವಿನ್ಯಾಸ ಮಾಡಿ ಕಟ್ಟಬೇಕಾಯಿತು. ಅದೇ ಘಟಕ ಮುಂದೆ 962 ದಿನ ಎಡೆಬಿಡದೆ ನಡೆದು 2018ರ ಡಿಸೆಂಬರಿನಲ್ಲಿ ವಿಶ್ವದಾಖಲೆ ಮಾಡಿತು.

ಸಮಯದ ಅಂದಾಜು ಬೇಕಿದ್ದರೆ ಗುಜರಾತಿನ ಕಾಕ್ರಪಾರ್ ನೋಡಿ. ಅದರ ಮೂರನೇ ಘಟಕ ದೇಶದ ಮೊದಲ 700 ಮೆಗಾವ್ಯಾಟ್ ಭಾರಜಲ ರಿಯಾಕ್ಟರ್. 2010ರಲ್ಲಿ ಮೊದಲ ಕಾಂಕ್ರೀಟ್, 2020ರ ಜುಲೈ 22ರಂದು ಸರಪಳಿ ಕ್ರಿಯೆ ಆರಂಭ, 2021ರ ಜನವರಿಯಲ್ಲಿ ಗ್ರಿಡ್‌ಗೆ ಜೋಡಣೆ, 2023ರ ಜೂನ್ 30ರಂದು ವಾಣಿಜ್ಯ ಉತ್ಪಾದನೆ, ಪೂರ್ಣ ಸಾಮರ್ಥ್ಯ ಮುಟ್ಟಿದ್ದು ಅದೇ ವರ್ಷದ ಆಗಸ್ಟಿನಲ್ಲಿ. ಆರಂಭದಿಂದ ಪೂರ್ಣ ಶಕ್ತಿಗೆ ಮೂರು ವರ್ಷಕ್ಕೂ ಹೆಚ್ಚು. ಮೊದಲ ಮಗುವಿನ ವಿಷಯದಲ್ಲಿ ಈ ಎಚ್ಚರಿಕೆ ನನಗೆ ಸರಿಯೆಂದೇ ಕಾಣುತ್ತದೆ.

ನೀವು ಕೇಳದೆ ಇದ್ದರೂ, ಭಾರಜಲದ ಮಾತು ಬಂದಾಗಲೆಲ್ಲ ಯಾರಾದರೂ ಪಿಸುಗುಟ್ಟುವ ಇನ್ನೊಂದು ಸಂಶಯವಿದೆ: ಅದು ವಿಷವೇ? ಭಾರಜಲ ನೀರೇ. ಅದರ ಹೈಡ್ರೋಜನ್ ಮಾಮೂಲಿಗಿಂತ ಎರಡು ಪಟ್ಟು ಭಾರ. ಅದು 3.8 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ, ಅದರ ಮಂಜುಗಡ್ಡೆಯನ್ನು ಸಾದಾ ನೀರಿಗೆ ಹಾಕಿದರೆ ತೇಲದೆ ತಳ ಸೇರುತ್ತದೆ. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ ತುಂಬಿಟ್ಟ 15 ಲೀಟರಿನ ಬಿಂದಿಗೆಯ ಕಾವೇರಿ ನೀರಿನಲ್ಲಿ ಅರ್ಧ ಟೀ ಚಮಚದಷ್ಟು ಭಾರಜಲಕ್ಕೆ ಸಾಲುವ ಭಾರದ ಹೈಡ್ರೋಜನ್ ಇದೆ. ದಿನವೂ ಕುಡಿಯುತ್ತಿದ್ದೇವೆ.

ರಿಯಾಕ್ಟರಿನೊಳಗೆ ಬಳಸಿದ ಭಾರಜಲದ ವಿಷಯ ಬೇರೆ. ನ್ಯೂಟ್ರಾನ್ ಹೀರಿಕೊಂಡಾಗ ಅದರಲ್ಲಿ ಟ್ರಿಟಿಯಂ ಹುಟ್ಟುತ್ತದೆ. ಅದರ ಅರ್ಧಾಯುಷ್ಯ 12.3 ವರ್ಷ, ಅದು ವಿಕಿರಣಶೀಲ. 2009ರ ನವೆಂಬರಿನಲ್ಲಿ ಕೈಗಾದಲ್ಲಿ ಯಾರೋ ಕುಡಿಯುವ ನೀರಿನ ಕೂಲರಿಗೆ ಅಂಥ ಭಾರಜಲ ಬೆರೆಸಿದರು, ಸುಮಾರು 55 ನೌಕರರ ದೇಹಕ್ಕೆ ಟ್ರಿಟಿಯಂ ಸೇರಿತು. ಟ್ರಿಟಿಯಂ ನೀರಿನೊಂದಿಗೇ ಬೆರೆತಿರುವುದರಿಂದ ಬೆವರು, ಮೂತ್ರದಲ್ಲಿ ಹೊರಹೋಗುತ್ತದೆ. ಸುಮಾರು 10 ದಿನಕ್ಕೆ ಅರ್ಧ ಇಳಿಯುತ್ತದೆ, ಹೆಚ್ಚು ನೀರು ಕುಡಿದಷ್ಟೂ ಬೇಗ. ಇಂಥ ಕೇಂದ್ರಗಳಲ್ಲಿ ನೌಕರರ ಮೂತ್ರವನ್ನು ಕ್ರಮವಾಗಿ ಪರೀಕ್ಷಿಸುವುದು ವಾಡಿಕೆ. ಕೂಲರಿನ ನೀರಿನಲ್ಲಿ ಏನೋ ಸೇರಿದೆ ಎಂಬುದು ಬೆಳಕಿಗೆ ಬಂದದ್ದೂ ಆ ಮಾಮೂಲಿ ಪರೀಕ್ಷೆಯಿಂದಲೇ.