ನಾಸ್ತಿಕ ಅಂದರೆ ಲೆಕ್ಕ ಕೇಳಿದವನಾ?

ಕಳೆದ ತಿಂಗಳು ನಮ್ಮೂರ ದೇವಸ್ಥಾನದ ಸಭೆಯಲ್ಲಿ ಒಬ್ಬ ಹುಡುಗ ಎದ್ದು ನಿಂತು, ಜೀರ್ಣೋದ್ಧಾರಕ್ಕೆ ಎತ್ತಿದ ವಂತಿಗೆಯ ಲೆಕ್ಕ ಎಲ್ಲಿ ಅಂತ ಕೇಳಿದ. ಊರು ಕುಮಟೆಯ ಹತ್ತಿರ, ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಲೆಕ್ಕ ಬರಲಿಲ್ಲ. ಹಿಂದಿನ ಸಾಲಿನಿಂದ ಒಂದು ಮಾತು ಬಂತು: ‘ಅಂವ ನಾಸ್ತಿಕ ಆಗೋಯ್ದ, ಬಿಡು.’ ಆ ಹುಡುಗ ಅವತ್ತು ಬೆಳಿಗ್ಗೆ ಅದೇ ದೇವಸ್ಥಾನದಲ್ಲಿ ರುದ್ರಾಭಿಷೇಕ ಮಾಡಿಸಿದ್ದ. ಹಣೆಯ ಗಂಧ ಇನ್ನೂ ಉದುರಿರಲಿಲ್ಲ.

ಮೊದಲ ಸಲ ಕೇಳಿದ್ದಾದರೆ ಸುಮ್ನೆ ಇರುತ್ತಿದ್ದೆ. ಘಟ್ಟದ ಮೇಲೂ ಕೆಳಗೂ ಈ ಪದದ ಗತಿ ಇದೇ ಆಗಿದೆ. ಜನಿವಾರ ತೆಗೆದಿಟ್ಟವ ನಾಸ್ತಿಕ, ಬೆಂಗಳೂರಿನಲ್ಲಿ ಮೊಟ್ಟೆ ತಿಂದವ ನಾಸ್ತಿಕ, ಅಜ್ಜನ ತಿಥಿಗೆ ರಜೆ ಸಿಗದೆ ಬರದೇ ಇದ್ದವನೂ ನಾಸ್ತಿಕ. ಹೆಣ್ಣು ಗಂಡಿನ ಮಾತುಕತೆಯಲ್ಲಂತೂ ಇನ್ನೊಂದು ಚಂದ: ‘ಮಾಣಿ ಒಳ್ಳೆಯವ, ಆದರೆ ಸ್ವಲ್ಪ ನಾಸ್ತಿಕ.’ ಸ್ವಲ್ಪ ನಾಸ್ತಿಕ ಅಂದರೆ ಎಂಥದು? ಸ್ವಲ್ಪ ಸಕ್ಕರೆ ಕಾಯಿಲೆ ಇದ್ದ ಹಾಗಾ?

ಮೊದಲು ಪದ ಹುಟ್ಟಿದ್ದು ಹೇಗೆ ನೋಡಿ. ‘ನ’ ಮತ್ತು ‘ಆಸ್ತಿಕ’ ಸೇರಿ ನಾಸ್ತಿಕ ಆಯಿತು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಂದರೆ ಆಸ್ತಿಕ ಅನ್ನುವುದು ಸರಿಯಾದ ಸಾಮಾನು, ಅದು ಇಲ್ಲದವ ನಾಸ್ತಿಕ, ಏನೋ ಕಳೆದುಕೊಂಡವ. ವ್ಯಾಕರಣ ಹಾಗೆ ಹೇಳುವುದಿಲ್ಲ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ (4.4.60) ಒಂದು ಸಣ್ಣ ಸೂತ್ರ ಇದೆ: ‘ಅಸ್ತಿ ನಾಸ್ತಿ ದಿಷ್ಟಂ ಮತಿಃ’. ‘ಇದೆ’ ಅನ್ನುವುದು ಯಾರ ಮತಿಯೋ ಅವನು ಆಸ್ತಿಕ. ‘ಇಲ್ಲ’ ಅನ್ನುವುದು ಯಾರ ಮತಿಯೋ ಅವನು ನಾಸ್ತಿಕ. ಎರಡೂ ಪದಗಳು ಒಂದೇ ಅಚ್ಚಿನಲ್ಲಿ, ಅಕ್ಕಪಕ್ಕದಲ್ಲಿ ಹುಟ್ಟಿದವು. ಒಂದನ್ನು ಕೆಡಿಸಿ ಇನ್ನೊಂದನ್ನು ಮಾಡಿದ್ದಲ್ಲ. ಅಲ್ಲಿ ಬಂದ ‘ಮತಿ’ ಅನ್ನುವ ಮಾತನ್ನು ಸ್ವಲ್ಪ ಗಮನಿಸಿ. ಪಾಣಿನಿಯ ಲೆಕ್ಕದಲ್ಲಿ ನಾಸ್ತಿಕನಿಗೂ ಒಂದು ಮತಿ ಇದೆ. ನಮ್ಮೂರಿನಲ್ಲಿ ಮತಿ ಕೆಟ್ಟವನನ್ನು ನಾಸ್ತಿಕ ಅನ್ನುತ್ತಾರೆ, ಅದು ಬೇರೆ ವಿಷಯ.

ಅದೇ ಸೂತ್ರದಲ್ಲಿ ಮೂರನೆಯವನೂ ಇದ್ದಾನೆ. ‘ದಿಷ್ಟ’ ಅಂದರೆ ವಿಧಿ. ಎಲ್ಲ ಹಣೆಬರಹ ಅನ್ನುವವ ದೈಷ್ಟಿಕ. ಈ ಪದ ಯಾಕೆ ಸತ್ತುಹೋಯಿತೋ ಏನೋ. ಅಡಿಕೆಗೆ ಕೊಳೆ ಬಂದ ವರ್ಷ ನಮ್ಮ ಕಡೆ ಇದರ ಅಗತ್ಯ ಬಹಳ ಬೀಳುತ್ತದೆ.

ಸರಿ, ‘ಇದೆ’ ಅಂದರೆ ಏನು ಇದೆ? ದೇವರು ಅನ್ನುತ್ತೀರಿ ಅಲ್ವಾ? ಪಾಣಿನಿ ಹೇಳಿಲ್ಲ. ಸೂತ್ರಕ್ಕೆ ವಿವರಣೆ ಬರೆದ ಕಾಶಿಕಾವೃತ್ತಿ ಹೇಳುತ್ತದೆ: ಪರಲೋಕ ಇದೆ ಅನ್ನುವವ ಆಸ್ತಿಕ. ಸತ್ತ ಮೇಲೆ ಏನೋ ಇದೆ ಅಂದರೆ ಮುಗಿಯಿತು, ದೇವರ ಸುದ್ದಿಯೇ ಇಲ್ಲ. ಮಹಾಭಾರತದ ಆಸ್ತೀಕನ ಕಥೆಯೂ ಹೀಗೇ. ನಾಗರ ಪಂಚಮಿಗೆ ಹಾಲೆರೆಯುವವರಿಗೆ ಅವನು ಗೊತ್ತು, ಜನಮೇಜಯನ ಸರ್ಪಯಾಗ ನಿಲ್ಲಿಸಿದವ. ಅವನ ಅಪ್ಪ ಜರತ್ಕಾರು ಮುನಿಸಿಕೊಂಡು ಹೊರಟಾಗ ಹೆಂಡತಿಯ ಹೊಟ್ಟೆಯಲ್ಲಿದ್ದ ಮಗುವಿನ ಬಗ್ಗೆ ‘ಅಸ್ತಿ’ ಅಂದನಂತೆ, ಇದೆ ಅಂತ. ಆ ‘ಇದೆ’ಯಿಂದ ಮಗುವಿಗೆ ಆಸ್ತೀಕ ಅಂತ ಹೆಸರು ಬಂತು. ಭಕ್ತಿಗೂ ಅದಕ್ಕೂ ಸಂಬಂಧ ಇಲ್ಲ. (ಅಡಿಕೆ ತೋಟ ಇದ್ದವ ಆಸ್ತಿಕ, ಇಲ್ಲದವ ನಾಸ್ತಿಕ ಅನ್ನುವ ಜೋಕು ಬೇರೆ ಇದೆ. ಕೇಳಿ ಸಾಕಾಗಿದೆ, ದಯವಿಟ್ಟು ಇನ್ನು ಹೇಳಬೇಡಿ.)

ಬೈಗುಳದ ಬಣ್ಣ ಬಂದಿದ್ದು ಬೇರೆ ಕಡೆಯಿಂದ. ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ‘ನಾಸ್ತಿಕೋ ವೇದನಿಂದಕಃ’ ಅಂತ ಬರುತ್ತದೆ. ಇಡೀ ಶ್ಲೋಕ ಓದಿ ನೋಡಿ. ಹೇತುಶಾಸ್ತ್ರವನ್ನು, ಅಂದರೆ ತರ್ಕವನ್ನು ನಂಬಿಕೊಂಡು ಶ್ರುತಿ ಸ್ಮೃತಿಗಳನ್ನು ಯಾರು ಕಡೆಗಣಿಸುತ್ತಾನೋ ಅವನನ್ನು ಸಾಧುಗಳು ಬಹಿಷ್ಕರಿಸಬೇಕು ಅಂತಿದೆ. ಪಾಣಿನಿಯಲ್ಲಿ ಒಂದು ಅಭಿಪ್ರಾಯದ ಹೆಸರಾಗಿದ್ದದ್ದು ಇಲ್ಲಿ ಹೊರಗೆ ಹಾಕುವ ಚೀಟಿ ಆಯಿತು. ಯಾಕೆ, ಹೇಗೆ ಅಂತ ಕೇಳುವವನಿಗೇ ಆ ಚೀಟಿ. ನಮ್ಮ ಸಭೆಯ ಹಿಂದಿನ ಸಾಲಿನವರು ಮನುಸ್ಮೃತಿ ಓದಿದವರಲ್ಲ. ಆದರೆ ಪದವನ್ನು ಬಳಸಿದ ರೀತಿ ಮಾತ್ರ ಥೇಟ್ ಅದೇ.

ವೇದ ಒಪ್ಪಿದರೆ ಆಸ್ತಿಕ, ಇಲ್ಲದಿದ್ದರೆ ನಾಸ್ತಿಕ. ದರ್ಶನಗಳನ್ನು, ಅಂದರೆ ನಮ್ಮ ತತ್ತ್ವಚಿಂತನೆಯ ಪಂಥಗಳನ್ನು, ಪಾಲು ಮಾಡುವವರು ಸಾಮಾನ್ಯವಾಗಿ ಹಿಡಿದುಕೊಂಡದ್ದು ಈ ಅರ್ಥವನ್ನು. ಅದರಿಂದ ಏನೇನಾಯಿತು ನೋಡಿ. ಪೂರ್ವಮೀಮಾಂಸೆಯವರು ಯಜ್ಞ ಬೇಕು ಅಂದರು, ಜಗತ್ತನ್ನು ಸೃಷ್ಟಿ ಮಾಡಿದ ಈಶ್ವರ ಬೇಡ ಅಂದರು. ಅವರಲ್ಲೊಬ್ಬ ಕುಮಾರಿಲ ಭಟ್ಟ ಅದಕ್ಕಾಗಿ ವಾದವನ್ನೇ ಹೂಡಿದ. ಆದರೂ ಅವರು ಆಸ್ತಿಕರು. ಹಳೆಯ ಸಾಂಖ್ಯರಿಗೂ ಈಶ್ವರ ಬೇಕಿರಲಿಲ್ಲ, ಅವರೂ ಆಸ್ತಿಕರು. ಜೈನರು ಕರ್ಮ, ಪುನರ್ಜನ್ಮ, ಸ್ವರ್ಗ, ನರಕ ಎಲ್ಲ ಒಪ್ಪುತ್ತಾರೆ, ಬಸದಿ ಕಟ್ಟಿ ಅಭಿಷೇಕ ಮಾಡುತ್ತಾರೆ, ಅವರು ನಾಸ್ತಿಕರು!

ಇದು ಪುಸ್ತಕದ ಮಾತು ಅನ್ನಿಸಿದರೆ ಶಿರಸಿ ತಾಲೂಕಿನ ಸೋಂದಾಕ್ಕೆ ಹೋಗಿ ಬನ್ನಿ. ಅಲ್ಲಿ ಸ್ವರ್ಣವಲ್ಲಿಯ ಅದ್ವೈತ ಮಠ ಇದೆ, ವಾದಿರಾಜರ ಮಠ ಇದೆ, ದಿಗಂಬರ ಜೈನ ಮಠವೂ ಇದೆ. ದರ್ಶನದ ಪಟ್ಟಿ ಹಿಡಿದು ಹೊರಟರೆ ಮೂರನೇ ಮಠದ ಬಾಗಿಲಲ್ಲಿ ‘ನಾಸ್ತಿಕರ ಮಠ’ ಅಂತ ಬೋರ್ಡು ಹಾಕಬೇಕು. ಗೇರುಸೊಪ್ಪೆಯ ಚತುರ್ಮುಖ ಬಸದಿಗೂ ಭಟ್ಕಳದ ಬಸದಿಗೂ ಅದೇ ಬೋರ್ಡು. ಕಾಳುಮೆಣಸಿನ ರಾಣಿ ಅಂತ ನಾವು ಹೆಮ್ಮೆಯಿಂದ ಹೇಳುವ ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯೂ ನಾಸ್ತಿಕಳೇ ಆಗಬೇಕು. ಯಾರಾದರೂ ಹಾಗೆ ಕರೆಯುತ್ತಾರಾ? ಬಾಯಿಯೇ ಬರುವುದಿಲ್ಲ.

ಹಾಗಾಗಿ ದೇವರಿಲ್ಲ ಅನ್ನುವವನಿಗೆ ಸರಿಯಾದ ಪದ ನಿರೀಶ್ವರವಾದಿ. ದೇವರು ಇದ್ದಾನೋ ಇಲ್ಲವೋ ತಿಳಿಯಲಿಕ್ಕಾಗದು ಅನ್ನುವವ ಅಜ್ಞೇಯತಾವಾದಿ. ಇದರ ಇಂಗ್ಲಿಷ್ ಮೂಲ ‘ಅಗ್ನಾಸ್ಟಿಕ್’ ಅನ್ನು ಇಂಗ್ಲೆಂಡಿನ ವಿಜ್ಞಾನಿ ಹಕ್ಸ್ಲಿ 1869ರಲ್ಲಿ ಕಟ್ಟಿದ. ಪದ ಉದ್ದವಾಯಿತು, ‘ಗೊತ್ತಿಲ್ಲ ಮಾರಾಯ’ ಅಂದರೂ ನಡೆಯುತ್ತದೆ. ಮೂಢನಂಬಿಕೆ ಬೇಡ ಅನ್ನುವವ ವಿಚಾರವಾದಿ, ಅವನು ದೇವರಿಗೆ ಕೈ ಮುಗಿಯಲೂಬಹುದು. 2011ರ ಜನಗಣತಿಯಲ್ಲಿ ದೇಶದ ಸುಮಾರು 28.7 ಲಕ್ಷ ಜನರ ಧರ್ಮ ದಾಖಲಾಗಿಲ್ಲ. ಅವರಷ್ಟೂ ಜನರನ್ನು ನಾಸ್ತಿಕರ ಲೆಕ್ಕಕ್ಕೆ ಸೇರಿಸಿ ಬರೆಯುವವರನ್ನೂ ನೋಡಿದ್ದೇನೆ. ಧರ್ಮ ಹೇಳಲಿಲ್ಲ ಅನ್ನುವುದೇ ಬೇರೆ, ದೇವರಿಲ್ಲ ಅನ್ನುವುದೇ ಬೇರೆ.

ಈ ಗೊಂದಲ ನಮ್ಮದು ಮಾತ್ರ ಅಂದುಕೊಳ್ಳಬೇಡಿ. ರೋಮಿನವರು ಮೊದಮೊದಲ ಕ್ರೈಸ್ತರನ್ನೇ ನಾಸ್ತಿಕರು ಅಂತ ಹಿಡಿದು ಶಿಕ್ಷೆ ಕೊಟ್ಟಿದ್ದರು, ರೋಮಿನ ದೇವರುಗಳಿಗೆ ಕೈ ಮುಗಿಯಲಿಲ್ಲ ಅಂತ. ನಮ್ಮ ಸಾಲಿನಲ್ಲಿ ನಿಲ್ಲದವನಿಗೆ ದೇವರೇ ಇಲ್ಲ ಅನ್ನುವ ಲೆಕ್ಕ.

ನನ್ನ ದೊಡ್ಡಪ್ಪ ಇದ್ದರು. ದೇವರಿಲ್ಲ ಅಂತ ಮನೆಯಲ್ಲಿ ನೇರ ಹೇಳುತ್ತಿದ್ದ ಮನುಷ್ಯ, ಪಾಣಿನಿಯ ಅಳತೆಗೂ ಸರಿಯಾಗಿ ಕೂರುವವರು, ಸತ್ತ ಮೇಲೆ ಬೂದಿ ಅಷ್ಟೇ ಅನ್ನುತ್ತಿದ್ದರು. ಆದರೆ ಚೌತಿಯ ಮುಂಚೆ ಚಕ್ಕುಲಿ ಕಂಬಳಕ್ಕೆ, ಅಂದರೆ ಎಲ್ಲರೂ ಸೇರಿ ಚಕ್ಕುಲಿ ಸುತ್ತುವ ಕೆಲಸಕ್ಕೆ, ಎಲ್ಲರ ಮನೆಗೂ ಅವರೇ ಬೇಕು. ಅವರಷ್ಟು ನೀಟಾಗಿ ಚಕ್ಕುಲಿ ಸುತ್ತುವ ಕೈ ಊರಲ್ಲಿ ಇರಲಿಲ್ಲ. ಗಣಪತಿಯ ಮೇಲೆ ಹಣ್ಣು ಕಾಯಿಗಳ ಫಲಾವಳಿ ಕಟ್ಟುತ್ತಿದ್ದರು, ಗಣಪತಿ ಮುಳುಗಿಸಲು ಹೊಳೆಗೂ ಇಳಿಯುತ್ತಿದ್ದರು. ವಂತಿಗೆಯ ರಸೀದಿ ಹಿಡಿದು ಬಂದವರಿಗೆ ಮರು ಮಾತಿಲ್ಲದೆ ದುಡ್ಡು ಕೊಡುತ್ತಿದ್ದರು. ಅವರನ್ನು ನಾಸ್ತಿಕ ಅಂತ ಯಾರೂ ಒಂದು ದಿನವೂ ಕರೆದದ್ದು ನಾನು ಕೇಳಿಲ್ಲ. ‘ಅವರದೇ ಒಂದು ನಮೂನೆ’ ಅನ್ನುತ್ತಿದ್ದರು, ಅಷ್ಟೇ.

ಇತ್ತ ರುದ್ರಾಭಿಷೇಕ ಮಾಡಿಸಿದ ಹುಡುಗ ನಾಸ್ತಿಕನಾಗಿ ಕೂತಿದ್ದಾನೆ. ಅವನಿಗೆ ಸಂಸ್ಕೃತದ ಪದ ಬೇಕಾಗಿಲ್ಲ. ಲೆಕ್ಕ ಕೇಳಿದವ ಅನ್ನಿ, ಸಾಕು. ಅಂದ ಹಾಗೆ ಮುಂದಿನ ಸಭೆ ಇದೇ ಶನಿವಾರ. ಆಮಂತ್ರಣ ಬಂದಿದೆ, ಲೆಕ್ಕ ಬಂದಿಲ್ಲ.