ತಿದ್ದಿದ ಸಿಎಸ್‌ಎಸ್ ಬ್ರೌಸರ್‌ನಲ್ಲಿ ಏಕೆ ಕಾಣುವುದಿಲ್ಲ?

ಪುಟದ ಬಣ್ಣ, ವಿನ್ಯಾಸ ನಿರ್ಧರಿಸುವ ಸಿಎಸ್‌ಎಸ್ ಫೈಲ್ ತಿದ್ದಿ ಸರ್ವರ್‌ಗೆ ಏರಿಸಿದ ಮೇಲೂ ಪುಟ ಹಳೆಯ ಬಣ್ಣದಲ್ಲೇ ಕೂತಿದ್ದರೆ ಬೈಗುಳ ಬೀಳುವುದು ಬ್ರೌಸರ್‌ಗೆ. ಆದರೆ ಅದು ಹಾಗೆ ಮಾಡುವುದು ಹೆಚ್ಚಾಗಿ ನಿಯಮದ ಪ್ರಕಾರವೇ. ಒಮ್ಮೆ ತಂದ ಫೈಲಿನ ಪ್ರತಿಯನ್ನು ಬ್ರೌಸರ್ ತನ್ನ ಬಳಿ ಇಟ್ಟುಕೊಳ್ಳುತ್ತದೆ; ಈ ಸಂಗ್ರಹವೇ ಕ್ಯಾಶ್. ಪ್ರತಿಯನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದೆಂದು ಸರ್ವರ್ ಹೇಳದಿದ್ದರೆ ತಾನೇ ಅಂದಾಜು ಹಾಕಿಕೊಳ್ಳಲು ಎಚ್‌ಟಿಟಿಪಿ, ಅಂದರೆ ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮ, ಅದಕ್ಕೆ ಅನುಮತಿ ಕೊಟ್ಟಿದೆ.

ಈ ವ್ಯವಸ್ಥೆ ಹುಟ್ಟಿದ್ದು ಡಯಲ್‌ಅಪ್ ಕಾಲದಲ್ಲಿ. 1996ರ ಮೇನಲ್ಲಿ ಬಂದ ಎಚ್‌ಟಿಟಿಪಿ 1.0ರ ಆರ್‌ಎಫ್‌ಸಿ (ಇಂಟರ್‌ನೆಟ್ ನಿಯಮಗಳ ದಾಖಲೆ) 1945ರಲ್ಲಿ 'ಎಕ್ಸ್‌ಪೈರ್ಸ್', 'ಲಾಸ್ಟ್-ಮಾಡಿಫೈಡ್' ಹೆಡರ್‌ಗಳು, ಅಂದರೆ ಫೈಲಿನ ಜೊತೆ ಸರ್ವರ್ ಕಳಿಸುವ ಸೂಚನೆಗಳು, ಇದ್ದವು. ಎಕ್ಸ್‌ಪೈರ್ಸ್ ಕೊಡುವುದು ಒಂದು ನಿಗದಿತ ದಿನಾಂಕ; ಬಳಕೆದಾರರ ಕಂಪ್ಯೂಟರ್ ಗಡಿಯಾರ ತಪ್ಪಿದ್ದರೆ ಲೆಕ್ಕವೂ ತಪ್ಪುತ್ತಿತ್ತು. 1997ರ ಜನವರಿಯ ಆರ್‌ಎಫ್‌ಸಿ 2068 ಇದಕ್ಕೆ ಪರಿಹಾರವಾಗಿ 'ಕ್ಯಾಶ್-ಕಂಟ್ರೋಲ್' ತಂದಿತು: ದಿನಾಂಕದ ಬದಲು ಸೆಕೆಂಡುಗಳಲ್ಲಿ 'ಮ್ಯಾಕ್ಸ್-ಏಜ್'. ಫೈಲಿನ ಗುರುತಾಗಿ 'ಈಟ್ಯಾಗ್' ಕೂಡ ಆಗಲೇ ಬಂತು.

ಇವೆಲ್ಲ ಇದ್ದೂ ಸರ್ವರ್ ಬರೀ ಲಾಸ್ಟ್-ಮಾಡಿಫೈಡ್ ಕಳಿಸಿದರೆ? ಫೈಲ್ ಕೊನೆಯ ಬಾರಿ ಬದಲಾಗಿ ಎಷ್ಟು ಸಮಯ ಆಗಿದೆಯೋ ಅದರ ಶೇ 10ರಷ್ಟು ಕಾಲ ಅದನ್ನು ತಾಜಾ ಎಂದು ನಂಬುವುದು ರೂಢಿ. 1999ರ ಆರ್‌ಎಫ್‌ಸಿ 2616 ಈ ಪ್ರಮಾಣವನ್ನು ಉದಾಹರಿಸಿತು, 2022ರ ಆರ್‌ಎಫ್‌ಸಿ 9111ರಲ್ಲೂ ಅದು ಉಳಿದಿದೆ. 100 ದಿನ ಮುಟ್ಟದ ಫೈಲ್ ಹಾಗಾಗಿ 10 ದಿನ ತಾಜಾ. ಹತ್ತು ನಿಮಿಷದ ಹಿಂದೆ ತಿದ್ದಿದ್ದು ಒಂದೇ ನಿಮಿಷ. ನಮ್ಮ ಯಂತ್ರದಲ್ಲಿ ಗಳಿಗೆಗೊಮ್ಮೆ ತಿದ್ದುತ್ತಿರುವಾಗ ಎಲ್ಲ ಸರಿಯಾಗಿ ಕಂಡು, ತಿಂಗಳುಗಟ್ಟಲೆ ಹಾಗೇ ಇದ್ದ ಲೈವ್ ಸೈಟಿನಲ್ಲಿ ಮಾತ್ರ ಕೈಕೊಡುವುದು ಇದರಿಂದಲೇ.

ಅಂದಾಜಿಗೆ ಅವಕಾಶ ಕೊಡದಿರುವುದು ಮೊದಲ ಕೆಲಸ. ಡೆವಲಪ್‌ಮೆಂಟ್ ಸರ್ವರ್‌ನಲ್ಲಿ 'ನೋ-ಸ್ಟೋರ್' ಹಾಕಿ. ಬ್ರೌಸರ್ ಏನನ್ನೂ ಉಳಿಸಿಕೊಳ್ಳದು. 'ನೋ-ಕ್ಯಾಶ್' ಬೇರೆ: ಪ್ರತಿ ಉಳಿಸಿಕೊಳ್ಳುತ್ತದೆ, ಆದರೆ ಪ್ರತಿಸಲ ಸರ್ವರನ್ನು ಕೇಳಿ, 'ಬದಲಾಗಿಲ್ಲ' ಎಂಬ 304 ಉತ್ತರ ಬಂದರಷ್ಟೇ ಬಳಸುತ್ತದೆ. ಬ್ರೌಸರ್‌ನಲ್ಲೇ ಇರುವ ಡೆವಲಪರ್ ಸಾಧನ ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ 'ಡಿಸೇಬಲ್ ಕ್ಯಾಶ್' ಎಂಬ ಗುರುತು ಹಾಕಬಹುದು. ಅದು ಡೆವ್‌ಟೂಲ್ಸ್ ತೆರೆದಿರುವವರೆಗೆ ಮಾತ್ರ ನಡೆಯುತ್ತದೆ.

ರೀಲೋಡ್ ಬಟನ್ ಕೂಡ ಹಿಂದಿನಂತಿಲ್ಲ. ಮೊದಲು ರೀಲೋಡ್ ಮಾಡಿದರೆ ಪುಟದ ಎಲ್ಲ ಫೈಲ್‌ಗಳ ಬಗ್ಗೆಯೂ ಸರ್ವರನ್ನು ಮತ್ತೆ ಕೇಳುತ್ತಿತ್ತು. ಕ್ರೋಮ್ 54ರಿಂದ ಮುಖ್ಯ ಎಚ್‌ಟಿಎಂಎಲ್ ಅನ್ನಷ್ಟೇ ಕೇಳಿ, ಉಳಿದವಕ್ಕೆ ಕ್ಯಾಶ್‌ನ ಮಾಮೂಲಿ ನಿಯಮವನ್ನೇ ಬಳಸುತ್ತದೆ. ಹಳೆಯ ಅಭ್ಯಾಸದವರಿಗೆ ಕ್ಯಾಶ್ ಬಿಟ್ಟು ಎಲ್ಲವನ್ನೂ ಹೊಸದಾಗಿ ತರಿಸುವ ಕಂಟ್ರೋಲ್+ಶಿಫ್ಟ್+ಆರ್ (ಹಾರ್ಡ್ ರೀಲೋಡ್) ಅನಿವಾರ್ಯವಾದದ್ದು ಹೀಗೆ. ಆದರೆ ಗ್ರಾಹಕರಿಗೆ ಆ ಕೀಲಿಗಳನ್ನು ಒತ್ತಿ ಎಂದು ಹೇಳುವುದು ಪರಿಹಾರವಲ್ಲ. ತಪ್ಪು ನಮ್ಮ ಹೆಡರ್‌ಗಳಲ್ಲಿದೆ.

ನಿಜವಾದ ಪರಿಹಾರ ಬಂದಿದ್ದು ವಿಳಾಸ ಬದಲಿಸುವ ದಾರಿಯಿಂದ. ಕ್ಯಾಶ್‌ಗೆ ಫೈಲಿನ ಗುರುತು ಎಂದರೆ ಅದರ ಯುಆರ್‌ಎಲ್. ಯುಆರ್‌ಎಲ್ ಹೊಸದಾದರೆ ಫೈಲೂ ಹೊಸದು. ಮೊದಲು ಹೆಸರಿನ ಕೊನೆಗೆ '?ವಿ=2' ಸೇರಿಸುವುದು ಚಾಲ್ತಿಯಲ್ಲಿತ್ತು. ಆದರೆ ಬ್ರೌಸರ್, ಸರ್ವರ್ ನಡುವೆ ನಿಂತು ಪ್ರತಿ ಇಟ್ಟುಕೊಳ್ಳುವ ಸ್ಕ್ವಿಡ್‌ನಂಥ ಪ್ರಾಕ್ಸಿಗಳ ಹಳೆಯ ಆವೃತ್ತಿಗಳು ಪ್ರಶ್ನಾರ್ಥಕ ಚಿಹ್ನೆ ಇರುವ ವಿಳಾಸಗಳನ್ನು ಉಳಿಸಿಕೊಳ್ಳುತ್ತಲೇ ಇರಲಿಲ್ಲ. ಆದ್ದರಿಂದ ಗುರುತನ್ನು ಫೈಲಿನ ಹೆಸರಿನೊಳಗೇ ಇಡಿ ಎಂದು 2008ರಲ್ಲಿ ವೆಬ್ ವೇಗದ ತಜ್ಞ ಸ್ಟೀವ್ ಸೌಡರ್ಸ್ ವಾದಿಸಿದರು. 2011ರಲ್ಲಿ ವೆಬ್ ಫ್ರೇಮ್‌ವರ್ಕ್ ರೈಲ್ಸ್ 3.1 ಫೈಲಿನ ಒಳಹೂರಣದಿಂದ ತೆಗೆದ ಹ್ಯಾಶನ್ನು (ಒಳಹೂರಣ ಬದಲಾದರೆ ತಾನೂ ಬದಲಾಗುವ ಅಕ್ಷರಗಳ ಸಾಲು) ಹೆಸರಿಗೆ ತಾನಾಗಿಯೇ ಜೋಡಿಸತೊಡಗಿತು. ಈಗ ವೆಬ್‌ಪ್ಯಾಕ್, ವೀಟ್‌ನಂಥ ಬಿಲ್ಡ್ ಸಾಧನಗಳು ಮಾಡುವುದೂ ಇದನ್ನೇ.

ಹೆಸರಿನಲ್ಲಿ ಹ್ಯಾಶ್ ಇರುವ ಫೈಲ್‌ಗಳಿಗೆ 'ಮ್ಯಾಕ್ಸ್-ಏಜ್=31536000, ಇಮ್ಯೂಟಬಲ್' ಕೊಡಿ, ಅಂದರೆ ಒಂದು ವರ್ಷ ಬದಲಾಗದು. ಎಚ್‌ಟಿಎಂಎಲ್‌ಗೆ 'ನೋ-ಕ್ಯಾಶ್'. ಇಮ್ಯೂಟಬಲ್ 2016ರಲ್ಲಿ ಫೈರ್‌ಫಾಕ್ಸ್ 49ಕ್ಕೆ ಬಂತು, ಮರುವರ್ಷ ಆರ್‌ಎಫ್‌ಸಿ 8246 ಆಯಿತು. ಈ ಜೋಡಿ ತಪ್ಪಿ, ಫೈಲ್‌ಗಳ ಹೆಸರು ಹೊತ್ತ ಎಚ್‌ಟಿಎಂಎಲ್‌ಗೂ ಒಂದು ವರ್ಷ ಕೊಟ್ಟರೆ ಹೊಸ ಹೆಸರುಗಳು ಬ್ರೌಸರ್‌ಗೆ ತಲುಪುವ ದಾರಿಯೇ ಇರದು.

ಇದರಲ್ಲೂ ಒಂದು ಬಲೆ ಇದೆ. ಹೊಸ ಆವೃತ್ತಿಯನ್ನು ಡಿಪ್ಲಾಯ್ ಮಾಡುವಾಗ (ಸರ್ವರ್‌ಗೆ ಏರಿಸುವಾಗ) ಹಳೆಯ ಹ್ಯಾಶ್ ಫೈಲ್‌ಗಳನ್ನು ಅಳಿಸಿದಿರಿ ಎನ್ನಿ. ಬೆಳಿಗ್ಗೆಯೇ ಪುಟ ತೆರೆದಿಟ್ಟವರು ಮಧ್ಯಾಹ್ನ ಇನ್ನೊಂದು ಭಾಗಕ್ಕೆ ಹೋದರೆ ಅವರ ಬ್ರೌಸರ್ ಹಳೆಯ ಹೆಸರನ್ನು ಕೇಳುತ್ತದೆ. ಒಂದೇ ಪುಟದ ಆ್ಯಪ್‌ಗಳಲ್ಲಿ ಸಿಗದ ವಿಳಾಸಕ್ಕೆಲ್ಲ ಇಂಡೆಕ್ಸ್ ಪುಟ ಕೊಡುವ ಏರ್ಪಾಡು ಇರುತ್ತದಲ್ಲ, ಅದು ಇಲ್ಲಿ 404 ('ಸಿಗಲಿಲ್ಲ') ಬದಲು 200 ('ಸರಿ') ಜೊತೆ ಎಚ್‌ಟಿಎಂಎಲ್ ಕಳಿಸುತ್ತದೆ. ಜಾವಾಸ್ಕ್ರಿಪ್ಟ್ ನಿರೀಕ್ಷಿಸಿದ್ದ ಬ್ರೌಸರ್ ಮೊದಲ '<' ಚಿಹ್ನೆಯಲ್ಲೇ ಎಡವಬಹುದು. ವಿಳಾಸದ ಪಥ ನೋಡಿ ಹೆಡರ್ ಹಾಕುವ ಸಿಡಿಎನ್ (ಫೈಲ್‌ಗಳ ಪ್ರತಿ ಇಟ್ಟು ಹಂಚುವ ಸರ್ವರ್ ಜಾಲ) ಮುಂದಿದ್ದರೆ ಆ ತಪ್ಪು ಉತ್ತರಕ್ಕೂ ಒಂದು ವರ್ಷದ ಆಯಸ್ಸು ಸಿಗುತ್ತದೆ. ಅಸೆಟ್ಸ್ ಫೋಲ್ಡರ್‌ಗೆ ಈ ಏರ್ಪಾಡು ಅನ್ವಯಿಸದಂತೆ ಮಾಡಿ, ಹಳೆಯ ಕೆಲವು ಬಿಲ್ಡ್‌ಗಳ ಫೈಲ್‌ಗಳನ್ನು ಸರ್ವರ್‌ನಲ್ಲಿ ಬಿಡಿ.

ಇಷ್ಟಾದರೂ ಹಳೆಯದೇ ಬಂದರೆ ಮೊದಲು ಕಮಾಂಡ್ ಲೈನ್‌ನಲ್ಲಿ 'ಕರ್ಲ್ -ಐ' ಓಡಿಸಿ ಹೆಡರ್ ನೋಡಿ, ಆಮೇಲೆ ಕರ್ಲ್‌ನಲ್ಲೇ ಫೈಲ್ ತರಿಸಿಕೊಳ್ಳಿ. ಅಲ್ಲೂ ಹಳೆಯದೇ ಸಿಕ್ಕರೆ ಬ್ರೌಸರ್ ನಿರ್ದೋಷಿ. ಪ್ರತಿಯ ವಯಸ್ಸು ಹೇಳುವ 'ಏಜ್' ಹೆಡರ್ ಇದ್ದರೆ ನಡುವಿನ ಕ್ಯಾಶ್ ಕಾರಣವಿರಬಹುದು. ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್‌ನ ಹಂಚಿದ ಫೋಲ್ಡರ್‌ನಿಂದ ವೆಬ್ ಸರ್ವರ್ ಎಂಜಿನ್‌ಎಕ್ಸ್ ಫೈಲ್ ಕೊಡುತ್ತಿದ್ದರೆ 'ಸೆಂಡ್‌ಫೈಲ್ ಆಫ್' ಮಾಡಿ. ಆ ಜೋಡಿ ಹಳೆಯ ಅಥವಾ ಕೆಟ್ಟ ಫೈಲ್ ಕೊಡುವುದು ಹಳೆಯ ಕಾಯಿಲೆ.

ಎಲ್ಲಕ್ಕಿಂತ ಹಠಮಾರಿ ಸರ್ವಿಸ್ ವರ್ಕರ್, ಅಂದರೆ ಸೈಟು ಬ್ರೌಸರ್‌ನಲ್ಲಿ ನೋಂದಾಯಿಸುವ ಹಿನ್ನೆಲೆಯ ಸ್ಕ್ರಿಪ್ಟ್. 2015ರಲ್ಲಿ ಕ್ರೋಮ್ 40ರೊಂದಿಗೆ ಬಂದ ಇದು ಎಚ್‌ಟಿಟಿಪಿ ಕ್ಯಾಶ್‌ಗೂ ಮುಂಚೆ ನಿಂತು ಉತ್ತರ ಕೊಡುತ್ತದೆ. ನೆಟ್‌ವರ್ಕ್ ಟ್ಯಾಬ್‌ನ ಸೈಜ್ ಕಾಲಂನಲ್ಲಿ 'ಸರ್ವಿಸ್‌ವರ್ಕರ್' ಎಂದು ಕಂಡರೆ ಅದೇ. ಹಾರ್ಡ್ ರೀಲೋಡ್ ಅದನ್ನು ಆ ಒಂದು ಸಲಕ್ಕೆ ಬದಿಗೆ ಸರಿಸುತ್ತದೆ, ಮುಂದಿನ ಸಲ ಅದು ಮತ್ತೆ ಹಾಜರ್. ನಮ್ಮದೇ ಯಂತ್ರದ ವಿಳಾಸ ಲೋಕಲ್‌ಹೋಸ್ಟ್‌ನ ಪೋರ್ಟ್ 3000ರಲ್ಲಿ ಹಿಂದಿನ ಪ್ರಾಜೆಕ್ಟ್ ನೋಂದಾಯಿಸಿದ ವರ್ಕರ್ ಅದೇ ಪೋರ್ಟ್‌ನ ಹೊಸ ಪ್ರಾಜೆಕ್ಟಿಗೂ ಕೈಹಾಕುತ್ತದೆ. ಡೆವ್‌ಟೂಲ್ಸ್‌ನ ಅಪ್ಲಿಕೇಶನ್ ಟ್ಯಾಬ್‌ಗೆ ಹೋಗಿ 'ಅನ್‌ರಿಜಿಸ್ಟರ್' ಒತ್ತಿ.

ಲೈವ್ ಸೈಟಿನಲ್ಲಿ ಅದನ್ನು ಕೈಬಿಡಬೇಕಿದ್ದರೆ ವರ್ಕರ್ ಫೈಲನ್ನು ಅಳಿಸಿದರೆ ಸಾಲದು. ಅಪ್‌ಡೇಟ್ ಹುಡುಕಿದಾಗ 404 ಬಂದರೆ ಬ್ರೌಸರ್ ಹಳೆಯ ವರ್ಕರನ್ನೇ ಮುಂದುವರಿಸುತ್ತದೆ. ಅದೇ ವಿಳಾಸದಲ್ಲಿ, ಶುರುವಾದೊಡನೆ ತನ್ನ ಕ್ಯಾಶ್‌ಗಳನ್ನು ಅಳಿಸಿ ತನ್ನ ನೋಂದಣಿಯನ್ನೂ ರದ್ದು ಮಾಡಿಕೊಳ್ಳುವ ಪುಟ್ಟ ವರ್ಕರನ್ನು ಇಟ್ಟು, ಹಲವು ತಿಂಗಳು ಅಲ್ಲೇ ಬಿಡಬೇಕು. ಅಪರೂಪಕ್ಕೆ ಬರುವವರ ಬ್ರೌಸರ್‌ಗೂ ಅದು ತಲುಪಬೇಕಲ್ಲ.